ಹೊಗೆ ಬಿಡಿಸುವ ಮಾತು ಯಾರ ಬಾಯಿಂದ?

ನನ್ನ ಸೋದರಮಾವನವರೊಬ್ಬರು ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. ಡಾಕ್ಟರು ಹೇಳಿದರು, ಬಿಡಲಿಲ್ಲ. ಬಸ್ಸಿನಲ್ಲಿ ಅವರ ತಲೆಯ ಮೇಲೆಯೇ ‘ಧೂಮಪಾನ ನಿಷೇಧಿಸಿದೆ’ ಎಂದು ಬರೆದಿತ್ತು. ಅದನ್ನು ಓದಿಕೊಂಡೇ ಬೀಡಿ ಹಚ್ಚಿದರು. ನಾಲ್ಕು ಅಕ್ಷರ ಬಲ್ಲ ಅಳಿಯನೆಂಬ ಹಮ್ಮಿನಿಂದ ನಾನೂ ಒಮ್ಮೆ ಉಪದೇಶ ಮಾಡಿದೆ, ನಕ್ಕು ಸುಮ್ಮನಾದರು. ಕಡೆಗೆ ಬಿಟ್ಟದ್ದು ಹೇಗೆಂದು ಬಲ್ಲಿರಾ? ಮೂವತ್ತು ವರ್ಷ ಅವರೊಡನೆ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದಿದ್ದ ಹಿಟ್ಟಿನ ಗಿರಣಿಯವರು ಒಂದು ಸಂಜೆ, “ನಾನು ಬಿಟ್ಟು ಮೂರು ತಿಂಗಳಾಯಿತು ಮಾರಾಯರೆ, ಈಗ ಗುಡ್ಡ ಹತ್ತಿದರೆ ಏದುಸಿರಿಲ್ಲ” ಎಂದರಂತೆ. ಮರುದಿನದಿಂದ ಮಾವನವರ ಜೇಬಿನಲ್ಲಿ ಬೀಡಿಯ ಕಟ್ಟು ಕಾಣಲಿಲ್ಲ.

ಈ ಹಳೆಯ ಸಂಗತಿ ನೆನಪಾದದ್ದು, ಆಸ್ಟ್ರೇಲಿಯದ ಮೂಲನಿವಾಸಿಗಳಲ್ಲಿ ಧೂಮಪಾನ ಬಿಡಿಸಲು ನಡೆದಿರುವ ಪ್ರಯತ್ನವನ್ನು ಕುರಿತು ಓದುತ್ತಿದ್ದಾಗ. ಆ ಕೆಲಸಕ್ಕೆ ಅಲ್ಲಿನವರು ಫೇಸ್‌ಬುಕ್ ಮೊದಲಾದ ಸಾಮಾಜಿಕ ಜಾಲತಾಣಗಳನ್ನು ಬಳಸಿಕೊಂಡಿದ್ದಾರೆ. ‘ಮೊಬೈಲು ನೋಡಿ ಕೆಟ್ಟವರುಂಟು, ನೋಡಿ ಚಟ ಬಿಟ್ಟವರುಂಟೆ?’ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಕೇಳಿಕೊಂಡೆ.

ಮೊದಲು ಆ ಜನರ ವಿಷಯವಾಗಿ ಎರಡು ಮಾತು. ಆಸ್ಟ್ರೇಲಿಯ ಖಂಡದ ಆದಿವಾಸಿಗಳು, ಅದರ ಉತ್ತರದ ಟಾರೆಸ್ ಜಲಸಂಧಿಯ ದ್ವೀಪವಾಸಿಗಳು, ಇವರಿಬ್ಬರನ್ನೂ ಸೇರಿಸಿ ಎಣಿಸಿದರೆ 2021ರಲ್ಲಿ ಸುಮಾರು 9 ಲಕ್ಷ 84 ಸಾವಿರ ಮಂದಿ. ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕಕ್ಕೂ ತುಸು ಕಡಿಮೆ. ಬಿಳಿಯರು ಬರುವ ಕಾಲಕ್ಕೆ ಇವರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಭಾಷೆಗಳಿದ್ದುವು. ಹೊಗೆಸೊಪ್ಪು ಇವರಿಗೆ ಪೂರ್ತಿ ಹೊಸದೇನಲ್ಲ. ‘ಪಿಟುರಿ’ ಎಂಬ ಕಾಡುಗಿಡದ ಎಲೆಯನ್ನು ಬೂದಿಯೊಡನೆ ಕಲಸಿ ಉಂಡೆಮಾಡಿ ದವಡೆಯಲ್ಲಿಟ್ಟುಕೊಳ್ಳುವ ಪದ್ಧತಿ ಮಧ್ಯ ಆಸ್ಟ್ರೇಲಿಯದಲ್ಲಿ ಬಹು ಹಿಂದಿನಿಂದ ಇತ್ತು. ನಮ್ಮಲ್ಲಿ ಹೊಗೆಸೊಪ್ಪಿಗೆ ಸುಣ್ಣ ಸೇರಿಸಿ ಅಂಗೈಯಲ್ಲಿ ಉಜ್ಜುವುದಿಲ್ಲವೆ? ಸುಣ್ಣವೂ ಕ್ಷಾರ, ಬೂದಿಯೂ ಕ್ಷಾರ. ಎಲೆಯೊಳಗಿನ ನಿಕೋಟಿನ್ ಬಿಡುಗಡೆಯಾಗುವುದು ಕ್ಷಾರದಿಂದ. ಒಬ್ಬರನ್ನೊಬ್ಬರು ಕಾಣದ ಎರಡು ದೇಶಗಳ ಜನ ಒಂದೇ ಯುಕ್ತಿಯನ್ನು ಕಂಡುಕೊಂಡದ್ದು ಸೋಜಿಗವೇ ಸರಿ.

ಆದರೆ ಇಂದಿನ ಸಿಗರೇಟಿನ ಕಥೆ ಬೇರೆ. ಬಿಳಿಯರ ದನದ ಕಾವಲುಗಳಲ್ಲಿಯೂ ಪಾದ್ರಿಗಳ ಮಿಷನ್ನುಗಳಲ್ಲಿಯೂ ದುಡಿದ ಮೂಲನಿವಾಸಿಗಳಿಗೆ ಎಷ್ಟೋ ಕಾಲ ಸರಿಯಾದ ಕೂಲಿಯೇ ಇರಲಿಲ್ಲ. ಹಿಟ್ಟು, ಸಕ್ಕರೆ, ಚಹ, ಅದರೊಂದಿಗೆ ಹೊಗೆಸೊಪ್ಪು, ಇಷ್ಟೇ ಪಡಿ. 1966ರಲ್ಲಿ ವೇವ್ ಹಿಲ್ ಎಂಬ ಕಾವಲಿನ ಗುರಿಂಜಿ ಜನರು ಕೆಲಸ ಬಿಟ್ಟು ಹೊರನಡೆದದ್ದು ಪ್ರಸಿದ್ಧವಾದ ಸಂಗತಿ. ದನಗಾವಲುಗಳ ಮೂಲನಿವಾಸಿ ಕೆಲಸಗಾರರಿಗೆ ಸಮಾನ ವೇತನದ ಆಜ್ಞೆ ಜಾರಿಗೆ ಬಂದದ್ದು 1968ರ ಕೊನೆಯಲ್ಲಿ. ಅಲ್ಲಿಯವರೆಗೆ ದಣಿ ತಾನೇ ಕೈಯೆತ್ತಿ ಕೊಟ್ಟ ಚಟ ಅದು. ಕೊಟ್ಟವರ ಕಡೆಯವರೇ ಇಂದು ಬಂದು ‘ಸೇದಬೇಡಿ, ಸಾಯುತ್ತೀರಿ’ ಎಂದರೆ ಕೇಳುವವನಿಗೆ ಹೇಗನ್ನಿಸೀತು?

ಇನ್ನೊಂದು ತೊಡಕುಂಟು. ಆ ಸಮಾಜದಲ್ಲಿ ಇದ್ದದ್ದನ್ನು ಬಂಧುಗಳೊಡನೆ ಹಂಚಿಕೊಳ್ಳುವುದು ಧರ್ಮ. ಸಿಗರೇಟೂ ಹಾಗೆಯೇ ಕೈಯಿಂದ ಕೈಗೆ ಹೋಗುತ್ತದೆ. ಅಣ್ಣ ನೀಡಿದ್ದನ್ನು ತಮ್ಮ ಬೇಡವೆಂದರೆ, ಬೇಡವೆಂದದ್ದು ಸಿಗರೇಟನ್ನೋ ಅಣ್ಣನನ್ನೋ ಎಂಬ ಪ್ರಶ್ನೆ ಏಳುತ್ತದೆ. ಹೀಗೆ ಚಟವು ನಂಟಿನ ದಾರಿಯಲ್ಲಿಯೇ ನಡೆಯುತ್ತದೆಯಾಗಿ, ಅದನ್ನು ಬಿಡಿಸುವ ಮಾತೂ ಆ ದಾರಿಯಲ್ಲಿಯೇ ನಡೆಯಬೇಕು. ನಂಟರಾದರೋ ಒಂದೂರಿನಲ್ಲಿಲ್ಲ, ನೂರಾರು ಮೈಲಿಗಳ ಅಂತರದಲ್ಲಿ ಚದುರಿದ್ದಾರೆ. ಈ ಕಾಲದಲ್ಲಿ ಅವರೆಲ್ಲ ಒಂದೆಡೆ ಸೇರುವ ಜಗಲಿಯೆಂದರೆ ಮೊಬೈಲಿನಲ್ಲಿ ಕಾಣುವ ಫೇಸ್‌ಬುಕ್ಕೇ.

ಇದನ್ನು ಮನಗಂಡು ಕೆಲಸ ಮಾಡಿದವರು ಹಲವರು. 2010ರಲ್ಲಿ ಸರ್ಕಾರವು ಮೂಲನಿವಾಸಿಗಳ ಧೂಮಪಾನವನ್ನು ತಗ್ಗಿಸುವ ರಾಷ್ಟ್ರೀಯ ಯೋಜನೆಯೊಂದನ್ನು ಕೈಗೊಂಡಾಗ ಅದರ ಸಂಯೋಜಕರಾಗಿ ಬಂದವರು ಟಾಮ್ ಕಾಲ್ಮ. ತಾವೇ ಮೂಲನಿವಾಸಿ ಹಿರಿಯರು. ಕೆಲಸದ ಬಹುಭಾಗವನ್ನು ವಹಿಸಿದ್ದು ಮೂಲನಿವಾಸಿಗಳೇ ನಡೆಸುವ ಆರೋಗ್ಯ ಸಂಸ್ಥೆಗಳಿಗೆ. ಅಂಥ ಸಂಸ್ಥೆಗಳಲ್ಲಿ ಮೊದಲನೆಯದು ಸಿಡ್ನಿಯ ರೆಡ್‌ಫರ್ನ್‌ನಲ್ಲಿ 1971ರಲ್ಲಿಯೇ ಹುಟ್ಟಿತ್ತು. ಡಾರ್ವಿನ್ನಿನ ಮೆಂಜೀಸ್ ಆರೋಗ್ಯ ಸಂಶೋಧನ ಸಂಸ್ಥೆಯವರು ‘ನೋ ಸ್ಮೋಕ್ಸ್’ ಎಂಬ ಹೆಸರಿನಲ್ಲಿ ತರುಣರಿಗಾಗಿ ಚಿಕ್ಕ ಚಿತ್ರಗಳನ್ನೂ ಹಾಡುಗಳನ್ನೂ ಮಾಡಿ ಜಾಲತಾಣಗಳಲ್ಲಿ ಹರಿಯಬಿಟ್ಟರು. 2016ರ ಸರ್ಕಾರಿ ಪ್ರಚಾರದ ಘೋಷಣೆ ‘ಸಿಗರೇಟನ್ನು ನಿನ್ನ ಕಥೆಯಾಗಿಸಬೇಡ’ ಎಂಬುದು. ಅದರಲ್ಲಿ ಬೆದರಿಕೆಗಿಂತ ಸಂಸಾರಕ್ಕಾಗಿ ಬಿಟ್ಟವನ ಮಾತೇ ಮುಂದು.

ಇವೆಲ್ಲ ದೊಡ್ಡ ಪ್ರಚಾರಗಳು. ನನಗೆ ಹೆಚ್ಚು ಮೆಚ್ಚಿಕೆಯಾದದ್ದು ಚಿಕ್ಕ ಊರಿನ ಆರೋಗ್ಯ ಕೇಂದ್ರದ ಪುಟ. ಅಂಥ ಪುಟದಲ್ಲಿ ವೈದ್ಯಶಾಸ್ತ್ರದ ಪಾಠ ಕಡಿಮೆ. ಊರಿನದೇ ಒಬ್ಬ ಹೆಂಗಸಿನ ಚಿತ್ರ. ಬಿಟ್ಟು ಎಷ್ಟು ದಿನವಾಯಿತೆಂಬ ಲೆಕ್ಕ. ಉಳಿದ ಹಣದಲ್ಲಿ ಮೊಮ್ಮಕ್ಕಳಿಗೆ ಏನು ಕೊಂಡಳೆಂಬ ಒಂದು ಸಾಲು. ಕೆಳಗೆ ನಂಟರ ಮಾತುಗಳು: ಒಬ್ಬಳು ‘ಭೇಷ್’ ಎನ್ನುತ್ತಾಳೆ, ಇನ್ನೊಬ್ಬ ‘ನಾನೂ ಸೋಮವಾರದಿಂದ’ ಎನ್ನುತ್ತಾನೆ. ಆ ಸೋಮವಾರ ಬಾರದೆಯೂ ಹೋಗಬಹುದು. ಆದರೆ ಮಾತು ಹೊರಬಿತ್ತಲ್ಲ! ಮೆಂಜೀಸ್ ಸಂಸ್ಥೆಯವರು ಉತ್ತರ ಪ್ರಾಂತದಲ್ಲಿ ಜನರನ್ನು ವಿಚಾರಿಸಿದಾಗಲೂ ತಿಳಿದುಬಂದದ್ದು ಇದೇ ರೀತಿಯದು: ಬಲ್ಲವರ ಮಾತಿಗೆ, ತಮ್ಮವರ ಮುಖಕ್ಕೆ, ಬೆಲೆ ಹೆಚ್ಚು.

ಭಾಷೆಯ ಮೇಷ್ಟರಾದುದರಿಂದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಇಂಗ್ಲಿಷಿನಲ್ಲಿ ‘ಡೆಡ್ಲಿ’ ಎಂದರೆ ಮಾರಕ ಎಂದರ್ಥ. ಮೂಲನಿವಾಸಿಗಳ ಇಂಗ್ಲಿಷಿನಲ್ಲಿ ಅದೇ ಪದಕ್ಕೆ ‘ಬಹಳ ಸೊಗಸು’ ಎಂದರ್ಥ. ಬ್ರಿಸ್ಬೇನಿನ ಮೂಲನಿವಾಸಿ ಆರೋಗ್ಯ ಸಂಸ್ಥೆಯವರು ತಮ್ಮ ಆರೋಗ್ಯ ಪ್ರಚಾರಕ್ಕೆ ‘ಡೆಡ್ಲಿ ಚಾಯ್ಸಸ್’ ಎಂದು ಹೆಸರಿಟ್ಟು, ತಪಾಸಣೆ ಮಾಡಿಸಿಕೊಂಡವರಿಗೆ ಆಟಗಾರರು ತೊಡುವಂಥ ಅಂಗಿಯನ್ನು ಕೊಡುತ್ತಾರೆ. ಹೊರಗಿನ ಯಾವ ಪಂಡಿತನೂ ಆರೋಗ್ಯದ ಪ್ರಚಾರಕ್ಕೆ ಆ ಹೆಸರನ್ನು ಇಡುತ್ತಿರಲಿಲ್ಲ. ಹಾಗೆಯೇ ಅಲ್ಲಿ ಹಿರಿಯರನ್ನು, ರಕ್ತಸಂಬಂಧವಿರಲಿ ಇಲ್ಲದಿರಲಿ, ‘ಆಂಟಿ’, ‘ಅಂಕಲ್’ ಎಂದು ಗೌರವದಿಂದ ಕರೆಯುತ್ತಾರೆ. ನಮ್ಮ ಪೇಟೆಯ ಮಕ್ಕಳು ಹಾಗೆ ಕರೆದಾಗ ನಾನು ಮುಖ ಸಿಂಡರಿಸಿದ್ದುಂಟು. ಆ ಪದದ ಹಿಂದೆ ಹಿರಿಯರ ಮಾತಿನ ಅಧಿಕಾರ ಇಷ್ಟು ಗಟ್ಟಿಯಾಗಿ ನಿಲ್ಲಬಹುದೆಂದು ತಿಳಿದಿರಲಿಲ್ಲ.

ಫಲವೇನಾಯಿತು? 15 ವರ್ಷ ದಾಟಿದ ಮೂಲನಿವಾಸಿಗಳಲ್ಲಿ ಪ್ರತಿದಿನ ಸೇದುವವರು 2012–13ರಲ್ಲಿ ನೂರಕ್ಕೆ 41, 2018–19ರಲ್ಲಿ 37, 2022–23ರಲ್ಲಿ 29. ಇದೆಲ್ಲ ಫೇಸ್‌ಬುಕ್ಕಿನ ಪುಣ್ಯವೆಂದು ಹೇಳಿದರೆ ಸುಳ್ಳಾಗುತ್ತದೆ. ಈ ಅವಧಿಯಲ್ಲಿ ತೆರಿಗೆ ಏರುತ್ತಲೇ ಹೋಯಿತು. 2012ರ ಡಿಸೆಂಬರಿನಿಂದ ಸಿಗರೇಟಿನ ಪೊಟ್ಟಣದ ಬಣ್ಣ ಬೆಡಗನ್ನೆಲ್ಲ ಕಿತ್ತು, ಒಂದೇ ಮಾಸಲು ಬಣ್ಣದಲ್ಲಿ ಮಾರುವಂತೆ ಕಾನೂನು ಮಾಡಿದರು. ಊರೂರು ತಿರುಗಿದ ಕಾರ್ಯಕರ್ತರ ಪಾಲಂತೂ ದೊಡ್ಡದು. ಹಾಗೆಂದು ಕೆಲಸ ಮುಗಿಯಿತೆಂದೂ ಅಲ್ಲ. ಇಡೀ ದೇಶದ ವಯಸ್ಕರಲ್ಲಿ ದಿನವೂ ಸೇದುವವರು ನೂರಕ್ಕೆ ಹತ್ತರ ಆಸುಪಾಸು ಇರುವಾಗ 29 ಎಂಬುದು ಸಣ್ಣ ಸಂಖ್ಯೆಯಲ್ಲ. ನಾಲ್ವತ್ತೈದು ದಾಟಿದ ಮೂಲನಿವಾಸಿಗಳ ಸಾವುಗಳಲ್ಲಿ ಅರ್ಧದಷ್ಟಕ್ಕೆ ಹೊಗೆಸೊಪ್ಪೇ ಕಾರಣವೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅರ್ಧ! ಎಂದರೆ ಅಜ್ಜ ಅಜ್ಜಿಯರಾಗಿ ಮನೆಯಲ್ಲಿ ಕಥೆ ಹೇಳಬೇಕಾದವರು, ಭಾಷೆಯನ್ನು ಉಳಿಸಬೇಕಾದವರು.

ಈ ಉಪಕರಣಕ್ಕೆ ದೋಷಗಳೂ ಉಂಟು. ದೂರದ ಎಷ್ಟೋ ಹಾಡಿಗಳಲ್ಲಿ ಮೊಬೈಲಿನ ಸಂಪರ್ಕ ಸಿಕ್ಕದು. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಗುಟ್ಟಾಗಿ ಒಬ್ಬನಿಗೆ ಕಳುಹಿಸಿದ ಬುದ್ಧಿಮಾತನ್ನು ಮತ್ತೊಬ್ಬ ಓದುತ್ತಾನೆ. ‘ಶೇಮ್’ ಎಂಬ ಅವರ ಪದಕ್ಕೆ ನಾಚಿಕೆಯ ಜೊತೆಗೆ, ನಾಲ್ಕು ಜನರೆದುರು ಎದ್ದು ಕಂಡಾಗ ಆಗುವ ಮುಜುಗರವೆಂಬ ಅರ್ಥವೂ ಇದೆ. ‘ಬಿಟ್ಟೆ’ ಎಂದು ಎಲ್ಲರೆದುರು ಸಾರಿ ತಿಂಗಳೊಳಗೆ ಮತ್ತೆ ಹಚ್ಚಿದವನ ಮುಜುಗರವನ್ನು ನೀವೇ ಊಹಿಸಿ. ತರುಣರನ್ನು ಈ ಹಾದಿಯಲ್ಲಿ ಮುಟ್ಟುವುದೂ ಈಗ ಸುಲಭವಲ್ಲ: 2025ರ ಡಿಸೆಂಬರ್ 10ರಿಂದ ಅಲ್ಲಿ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸಾವಿನ ವಿಚಾರ. ಮೂಲನಿವಾಸಿಗಳ ಅನೇಕ ಪಂಗಡಗಳಲ್ಲಿ ಸತ್ತವರ ಹೆಸರನ್ನು ಸೂತಕದ ಕಾಲದಲ್ಲಿ ಉಚ್ಚರಿಸಬಾರದು, ಚಿತ್ರವನ್ನು ತೋರಿಸಬಾರದು, ದನಿಯನ್ನು ಕೇಳಿಸಬಾರದು. ಅಲ್ಲಿನ ಟೆಲಿವಿಷನ್ನಿನಲ್ಲಿಯೂ ಕಾರ್ಯಕ್ರಮಕ್ಕೆ ಮುಂಚೆ ‘ಇದರಲ್ಲಿ ತೀರಿಕೊಂಡವರ ಚಿತ್ರಗಳಿರಬಹುದು’ ಎಂದು ಎಚ್ಚರಿಸುವ ವಾಡಿಕೆಯಿದೆ. ಈಗ ಯೋಚಿಸಿ: ಸಿಗರೇಟು ಬಿಟ್ಟು, ತನ್ನ ಕಥೆಯನ್ನು ಮೊಬೈಲಿನ ಎದುರು ಕುಳಿತು ಹೇಳಿ, ಊರಿನ ಎಷ್ಟೋ ಮಂದಿಗೆ ಧೈರ್ಯ ಕೊಟ್ಟ ಹಿರಿಯನೊಬ್ಬ ತೀರಿಕೊಂಡರೆ ಆ ಚಿತ್ರದ ಗತಿಯೇನು? ಅಷ್ಟು ಹೊತ್ತಿಗೆ ಅದು ಸಾವಿರ ಕೈ ದಾಟಿರುತ್ತದೆ. ಆದರೂ ಆರೋಗ್ಯ ಕೇಂದ್ರದವರು ತಮ್ಮ ಪುಟದಿಂದ ಅದನ್ನು ತೆಗೆಯಬೇಕು, ಹಂಚಿಕೊಂಡವರಿಗೂ ತಿಳಿಸಬೇಕು. ಎಷ್ಟೇ ಉಪಯುಕ್ತವಾಗಿದ್ದರೂ, ಮನೆಯವರು ಆಗಲೆನ್ನುವವರೆಗೆ ಅದನ್ನು ಮರಳಿ ಹಾಕುವಂತಿಲ್ಲ.