ಚಿನ್ನಸ್ವಾಮಿಯನ್ನು ಏನು ಮಾಡೋಣ?



ಬೆಂಗಳೂರಿನ ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ, ಸುಮಾರು 17 ಎಕರೆ ಜಾಗದಲ್ಲಿ, ಐವತ್ತು ದಾಟಿದ ಒಂದು ಕ್ರಿಕೆಟ್ ಮೈದಾನವಿದೆ. 2025ರ ಜೂನ್ 4ರ ಸಂಜೆ ಅದರ ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಹಿಂದಿನ ರಾತ್ರಿ ಐಪಿಎಲ್ ಕಪ್ ಗೆದ್ದಿದ್ದ ಆರ್‌ಸಿಬಿ ತಂಡವನ್ನು ನೋಡಲು ಬಂದವರು ಅವರು. ಅಲ್ಲಿಂದೀಚೆಗೆ ಎಂ. ಚಿನ್ನಸ್ವಾಮಿ ಕ್ರೀಡಾಂಗಣದ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತಿದೆ. ಅದರ ಕಾಲ ಮುಗಿಯಿತು, ಊರಾಚೆ ದೊಡ್ಡದೊಂದು ಕಟ್ಟಿ ಎನ್ನುವವರು ಕೆಲವರು. ಊರ ನಡುವಿನ ಮೈದಾನವನ್ನು ಯಾಕೆ ಬಿಡಬೇಕು, ಇದನ್ನೇ ಸರಿಮಾಡಿ ಎನ್ನುವವರು ಇನ್ನು ಕೆಲವರು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಇಬ್ಬರೂ ಕಟ್ಟಡವನ್ನು ನೋಡಿ ಮಾತಾಡುತ್ತಿದ್ದಾರೆ; ಕಟ್ಟಡದ ಸುತ್ತಲಿನ ಜಾಗವನ್ನು ನೋಡಿ ಮಾತಾಡುವವರು ಕಡಿಮೆ.

ಮೊದಲು ಈ ಮೈದಾನ ನಿಜಕ್ಕೂ ಹಳತಾಗಿದೆಯೇ ಎಂದು ಕೇಳೋಣ. ಶಂಕುಸ್ಥಾಪನೆಯಾದದ್ದು 1969ರಲ್ಲಿ. ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್ ಬದುಕು ಆರಂಭಿಸಿದ್ದು ಅದೇ ಪಂದ್ಯದಲ್ಲಿ. ಕಾಂಕ್ರೀಟಿಗೆ ಐವತ್ತು ವರ್ಷ ಮುಪ್ಪಲ್ಲ. ನೀರು ಜಿನುಗಿ ಒಳಗಿನ ಕಂಬಿಗೆ ತುಕ್ಕು ಹಿಡಿದರೆ ಕಾಂಕ್ರೀಟು ಉಬ್ಬಿ ಸಿಡಿಯುತ್ತದೆ, ನಿಜ. ಆದರೆ ಎಲ್ಲಿ ಎಷ್ಟು ಕೆಟ್ಟಿದೆ ಎಂದು ತಿಳಿಯಲು ಶಬ್ದತರಂಗ ಹಾಯಿಸಿ ನೋಡುವ ವಿಧಾನವಿದೆ, ಕಂಬದಿಂದ ತುಂಡು ಕೊರೆದು ತೆಗೆದು ಪರೀಕ್ಷಿಸುವ ವಿಧಾನವಿದೆ. ಕೆಟ್ಟ ಕಂಬದ ಸುತ್ತ ಹೊಸ ಕಂಬಿ ಕಟ್ಟಿ ಮತ್ತೆ ಕಾಂಕ್ರೀಟು ಹಾಕಬಹುದು. ಎಂಜಿನಿಯರುಗಳಿಗೆ ಇದು ದಿನನಿತ್ಯದ ಕೆಲಸ.

ಆಟದ ಅಂಗಳದ ಮಟ್ಟಿಗಂತೂ ಚಿನ್ನಸ್ವಾಮಿ ಹಳತೇ ಅಲ್ಲ. 1996ರ ವಿಶ್ವಕಪ್ಪಿಗೆ ಹೊನಲು ಬೆಳಕು ಬಂತು. ಆ ದೀಪಗಳ ಕೆಳಗೆ ಪಾಕಿಸ್ತಾನದ ಎದುರು ನಡೆದ ಕ್ವಾರ್ಟರ್ ಫೈನಲ್ಲಿನಲ್ಲಿ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲರ ಸ್ಟಂಪು ಹಾರಿಸಿದ್ದನ್ನು ಈ ರಾಜ್ಯದಲ್ಲಿ ಮರೆತವರಿಲ್ಲ. 2015ರಲ್ಲಿ ಚಾವಣಿಯ ಮೇಲೆ ಸೌರಫಲಕ ಕೂರಿಸಿದರು. 2017ರಲ್ಲಿ ಹುಲ್ಲಿನಡಿಯಿಂದ ಮಳೆನೀರನ್ನು ಹೀರಿ ಹೊರಹಾಕುವ ಯಂತ್ರವ್ಯವಸ್ಥೆ ಬಂತು. ಕ್ರಿಕೆಟ್ ಲೋಕದಲ್ಲಿ ಅದೇ ಮೊದಲು. ಅಂದರೆ ನವೀಕರಣ ಇಲ್ಲಿ ನಿಂತೇ ಇಲ್ಲ. ಹಣವೆಲ್ಲ ಅಂಗಳಕ್ಕೂ ಚಾವಣಿಗೂ ಹೋಯಿತು, ಗೇಟಿನ ಹೊರಗೆ ಬರಲಿಲ್ಲ ಅಷ್ಟೆ.

ಕಟ್ಟಡಕ್ಕಿಂತ ಹೆಚ್ಚು ಬದಲಾದದ್ದು ಆಟ. ಟೆಸ್ಟ್ ಪಂದ್ಯದ ಜನ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಬರುತ್ತಲೇ ಇರುತ್ತಿದ್ದರು. ಚಹಾ ವಿರಾಮದ ಹೊತ್ತಿಗೆ ಕೆಲವರು ಎದ್ದು ಮನೆಗೆ ಹೊರಡುತ್ತಿದ್ದರು. 1970ರ ದಶಕದ ಮೈದಾನ ಕಟ್ಟಿದ್ದು ಅಂಥ ನಿಧಾನದ ಜನಕ್ಕೆ. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆದದ್ದೂ ಇಲ್ಲೇ. ಬ್ರೆಂಡನ್ ಮೆಕಲಂ 158 ಹೊಡೆದ ರಾತ್ರಿ ಅದು. ಅಲ್ಲಿಂದ ಮುಂದೆ ಕಚೇರಿ ಬಿಟ್ಟ ಜನ ಒಂದೆರಡು ಗಂಟೆಯಲ್ಲಿ ಬಂದು ತುಂಬಿಕೊಳ್ಳಬೇಕು, ಕೊನೆಯ ಚೆಂಡು ಬಿದ್ದ ಮೇಲೆ ಎಲ್ಲರೂ ಒಟ್ಟಿಗೇ ಹೊರಬೀಳಬೇಕು. ಸೀಟಿನ ಸಂಖ್ಯೆ ಅಷ್ಟೇ ಇದ್ದರೂ ಗೇಟಿನ ಮೇಲಿನ ಭಾರ ಎಷ್ಟೋ ಪಟ್ಟು ಏರಿತು.

ಈ ಭಾರವನ್ನು ಲೆಕ್ಕ ಹಾಕುವ ಒಂದು ಕ್ರಮ ರೂಪುಗೊಂಡದ್ದು ಒಂದು ದುರಂತದ ಬಳಿಕ. 1971ರ ಜನವರಿ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಐಬ್ರಾಕ್ಸ್ ಫುಟ್‌ಬಾಲ್ ಮೈದಾನದಲ್ಲಿ, ಪಂದ್ಯ ಮುಗಿದು ಜನ ಮೆಟ್ಟಿಲಿಳಿಯುವಾಗ ನೂಕಾಟವಾಗಿ 66 ಮಂದಿ ಸತ್ತರು. ಇಂಥ ಕಡೆ ಹೆಚ್ಚಿನವರ ಪ್ರಾಣ ಹೋಗುವುದು ನಿಂತಲ್ಲೇ ಎದೆ ಅದುಮಿ ಉಸಿರುಗಟ್ಟಿ. ಬ್ರಿಟನ್ ಸರ್ಕಾರ ವಿಚಾರಣೆ ನಡೆಸಿತು. ಮೈದಾನಗಳ ಸುರಕ್ಷತೆಗೆ ಒಂದು ಕೈಪಿಡಿ 1973ರಲ್ಲಿ ಬಂತು, 1975ರಲ್ಲಿ ಕಾನೂನು ಬಂತು. ಆ ಕೈಪಿಡಿಯನ್ನು ಗ್ರೀನ್ ಗೈಡ್ ಎನ್ನುತ್ತಾರೆ. ಮತ್ತೆ ಮತ್ತೆ ತಿದ್ದಿಸಿಕೊಂಡು ಇಂದಿಗೂ ಬಳಕೆಯಲ್ಲಿದೆ.

ಅದರ ಲೆಕ್ಕ ಸರಳ. ಮೈದಾನಕ್ಕೆ ನಾಲ್ಕು ಸಂಖ್ಯೆಗಳಿರುತ್ತವೆ. ಎಷ್ಟು ಜನ ಕೂರಬಹುದು, ಎಷ್ಟು ಜನ ಒಂದು ಗಂಟೆಯಲ್ಲಿ ಒಳಬರಬಹುದು, ಎಷ್ಟು ಜನ ಸಲೀಸಾಗಿ ಹೊರಹೋಗಬಹುದು, ಬೆಂಕಿಯಂಥ ತುರ್ತಿನಲ್ಲಿ ಎಷ್ಟು ಜನರನ್ನು ತೆರವು ಮಾಡಬಹುದು. ನಾಲ್ಕರಲ್ಲಿ ಯಾವುದು ಎಲ್ಲಕ್ಕಿಂತ ಚಿಕ್ಕದೋ ಅದೇ ಮೈದಾನದ ಸಾಮರ್ಥ್ಯ. ಲಕ್ಷ ಸೀಟಿದ್ದರೂ ಗೇಟಿನಲ್ಲಿ ಇಪ್ಪತ್ತು ಸಾವಿರ ಜನವಷ್ಟೇ ಹಾಯಬಹುದಾದರೆ ಅದು ಇಪ್ಪತ್ತು ಸಾವಿರದ ಮೈದಾನ.

ಚಿನ್ನಸ್ವಾಮಿಯಲ್ಲಿ ಹಿಡಿಯುವುದು 35 ಸಾವಿರದ ಆಸುಪಾಸು ಜನ. ಒಬ್ಬೊಬ್ಬರನ್ನೇ ಒಳಬಿಡುವ ತಿರುಗು ಗೇಟಿನಲ್ಲಿ ಗಂಟೆಗೆ 660 ಜನಕ್ಕಿಂತ ಹೆಚ್ಚು ಲೆಕ್ಕ ಹಿಡಿಯಬೇಡಿ ಎನ್ನುತ್ತದೆ ಗ್ರೀನ್ ಗೈಡ್. ಒಂದು ಗಂಟೆಯಲ್ಲಿ 35 ಸಾವಿರ ಜನ ಬರಬೇಕಾದರೆ ಅಂಥ ಸುಮಾರು 53 ದಾರಿ ಬೇಕು. ಚೀಲ ತಡಕಿ, ಮೈ ತಡವಿ, ನೀರಿನ ಬಾಟಲಿ ಕಸಿದುಕೊಂಡು ಒಳಬಿಡುವ ನಮ್ಮ ಪದ್ಧತಿಯಲ್ಲಿ ವೇಗ ಅರ್ಧಕ್ಕಿಳಿದರೆ ನೂರರ ಮೇಲೆ ಬೇಕು. ಹೊರಹೋಗುವ ಲೆಕ್ಕ ಬೇರೆ. ಸಮತಟ್ಟಾದ ದಾರಿಯ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ 82 ಜನ, ಮೆಟ್ಟಿಲಲ್ಲಿ 66 ಜನ. ಎಂಟು ನಿಮಿಷದೊಳಗೆ ಎಲ್ಲರೂ ಕೂರುವ ಜಾಗ ಬಿಟ್ಟು ತಡೆಯಿಲ್ಲದೆ ಸಾಗುವ ಹೊರದಾರಿ ಸೇರಿರಬೇಕು. ಗುಣಿಸಿ ಭಾಗಿಸಿ ನೋಡಿದರೆ ಗೇಟುಗಳ ಒಟ್ಟು ಅಗಲ ಸುಮಾರು 53 ಮೀಟರ್, ಮೆಟ್ಟಿಲುಗಳ ಅಗಲ ಸುಮಾರು 66 ಮೀಟರ್ ಬೇಕಾಗುತ್ತದೆ. ಹಳೆಯ ಮೈದಾನ ಉಳಿಯಬೇಕೇ ಎಂದು ಕೇಳುವ ಮೊದಲು ಟೇಪು ಹಿಡಿದು ಇದನ್ನು ಅಳೆಯಬೇಕು.

ಜೂನ್ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹಾ ಆಯೋಗ ಜುಲೈನಲ್ಲಿ ವರದಿ ಕೊಟ್ಟಿತು. ಭಾರೀ ಜನ ಸೇರುವ ಕಾರ್ಯಕ್ರಮಗಳಿಗೆ ಈ ಕ್ರೀಡಾಂಗಣ ತನ್ನ ವಿನ್ಯಾಸದಿಂದಲೇ ಯೋಗ್ಯವಲ್ಲ, ಅವನ್ನು ಬೇರೆಡೆಗೆ ಒಯ್ಯಿರಿ ಎಂದಿತು. ವರದಿಯ ಒಂದು ಅಂಶ ನನಗೆ ಉಳಿದೆಲ್ಲಕ್ಕಿಂತ ಮುಖ್ಯವಾಗಿ ಕಂಡಿತು: ಗೇಟುಗಳೆಲ್ಲ ನೇರವಾಗಿ ಫುಟ್‌ಪಾತಿಗೆ ತೆರೆದುಕೊಳ್ಳುತ್ತವೆ, ಜನ ಸಾಲಾಗಿ ಕಾದು ನಿಲ್ಲಲು ರಸ್ತೆಯಿಂದ ಪ್ರತ್ಯೇಕವಾದ ಜಾಗವೇ ಇಲ್ಲ. ಒಂದೂಕಾಲು ಲಕ್ಷ ಸೀಟು ಮೀರಿದ ಅಹಮದಾಬಾದಿನ ಮೊಟೇರಾ 63 ಎಕರೆಯಲ್ಲಿದೆ. ಲಕ್ಷ ಜನ ಹಿಡಿಯುವ ಮೆಲ್ಬರ್ನ್ ಮೈದಾನದ ಸುತ್ತ ಒಂದು ಉದ್ಯಾನವೇ ಇದೆ. ಜನ ಅದರಲ್ಲಿ ಹರಡಿಕೊಂಡು ರೈಲು ನಿಲ್ದಾಣಗಳತ್ತ ನಡೆಯುತ್ತಾರೆ. ನಮ್ಮ ಮೈದಾನದ ಎದುರಿಗೂ ಕಬ್ಬನ್ ಪಾರ್ಕ್ ಇದೆಯಲ್ಲ ಎನ್ನಬಹುದು. ಅದಕ್ಕೆ 1975ರ ಉದ್ಯಾನ ಸಂರಕ್ಷಣಾ ಕಾಯ್ದೆಯ ಕಾವಲಿದೆ. ಕ್ರಿಕೆಟ್ಟಿಗಾಗಿ ಅದರ ಒಂದು ಗುಂಟೆಯನ್ನೂ ಕೇಳುವ ಹಾಗಿಲ್ಲ, ಕೇಳಲೂಬಾರದು.

ಹಾಗಾದರೆ ನವೀಕರಣದ ದಾರಿ ಮುಚ್ಚಿತೇ? ಬೇರೆಯವರು ಮಾಡಿದ್ದನ್ನು ನೋಡೋಣ. ಮುಂಬೈನ ವಾಂಖೆಡೆಯನ್ನು 2011ರ ವಿಶ್ವಕಪ್ಪಿಗೆಂದು ನವೀಕರಿಸಿದರು. ಮೊದಲು ಸುಮಾರು 45 ಸಾವಿರ ಹಿಡಿಯುತ್ತಿದ್ದದ್ದು 33 ಸಾವಿರದ ಆಸುಪಾಸಿಗೆ ಇಳಿಯಿತು. ಪ್ರತಿಯೊಬ್ಬರಿಗೂ ಒಂದು ಕುರ್ಚಿ, ಓಡಾಡಲು ದಾರಿ ಕೊಟ್ಟರೆ ಸಂಖ್ಯೆ ಇಳಿಯಲೇಬೇಕು. ಕೋಲ್ಕತ್ತದ ಈಡನ್ ಗಾರ್ಡನ್ಸ್ ಕೂಡ ಲಕ್ಷದ ಹತ್ತಿರದಿಂದ ಅರವತ್ತು ಚಿಲ್ಲರೆ ಸಾವಿರಕ್ಕಿಳಿಯಿತು. ಆದರೆ ಅಲ್ಲಿ ಕೆಲಸ ಸಮಯಕ್ಕೆ ಮುಗಿಯಲಿಲ್ಲ. ವಿಶ್ವಕಪ್ಪಿಗೆ ಮೂರ್ನಾಲ್ಕು ವಾರ ಇರುವಾಗ ಭಾರತ–ಇಂಗ್ಲೆಂಡ್ ಪಂದ್ಯವನ್ನು ಈಡನ್ ಕೈಯಿಂದ ಕಿತ್ತು ನಮ್ಮ ಚಿನ್ನಸ್ವಾಮಿಗೆ ಕೊಟ್ಟರು. ಟಿಕೆಟ್ ಮಾರಾಟದ ದಿನ ಕ್ಯೂ ಕೆಟ್ಟು ಪೊಲೀಸರು ಲಾಠಿ ಬೀಸಿದರು. ಪಂದ್ಯವೇನೋ ಎರಡೂ ಕಡೆ 338 ಆಗಿ ಟೈ ಆಯಿತು, ಎಲ್ಲರೂ ಅದನ್ನೇ ನೆನೆಯುತ್ತಾರೆ. ಗೇಟಿನ ಹೊರಗೆ ಜಾಗವಿಲ್ಲ ಎಂಬ ಎಚ್ಚರಿಕೆ ಆಗಲೇ ಸಿಕ್ಕಿತ್ತು ಎಂಬುದನ್ನು ನೆನೆಯುವವರಿಲ್ಲ.

ಚೆನ್ನೈನ ಚೆಪಾಕದ್ದು ಇನ್ನೊಂದು ಪಾಡು. ಅದೇ ವಿಶ್ವಕಪ್ಪಿಗೆ ಹೊಸ ಸ್ಟ್ಯಾಂಡುಗಳನ್ನು ಕಟ್ಟಿದರು, ಆದರೆ ಪರವಾನಗಿಯ ತಕರಾರು ಎದ್ದು ಮೂರು ಸ್ಟ್ಯಾಂಡು ವರ್ಷಗಟ್ಟಲೆ ಬೀಗ ಹಾಕಿಸಿಕೊಂಡು ಖಾಲಿ ನಿಂತವು. ದೆಹಲಿಯ ನೆಹರೂ ಕ್ರೀಡಾಂಗಣವನ್ನು 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ 900 ಕೋಟಿ ರೂಪಾಯಿಗೂ ಮಿಕ್ಕಿ ಸುರಿದು ನವೀಕರಿಸಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಕೆಡಹುವ ಮಾತು ಬಂದಿದೆ. ನವೀಕರಣ ಅಗ್ಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಹಳೆಯ ಕ್ರೀಡಾಂಗಣಕ್ಕೆ ಕೈ ಹಾಕಿದ್ದರೆ ಗಾದೆಗೆ ಮೂರನೆಯ ತುಂಡೊಂದು ಸೇರುತ್ತಿತ್ತು.

ಚೆನ್ನಾಗಿ ಆದದ್ದೂ ಉಂಟು. ಅಮೆರಿಕದ ಬಾಸ್ಟನ್ ನಗರದ ಫೆನ್‌ವೇ ಪಾರ್ಕ್ 1912ರ ಬೇಸ್‌ಬಾಲ್ ಮೈದಾನ. 1999ರಲ್ಲಿ ಅದನ್ನು ಬಿಟ್ಟು ಪಕ್ಕದಲ್ಲೇ ಹೊಸದು ಕಟ್ಟುವ ಯೋಜನೆ ಸಿದ್ಧವಾಗಿತ್ತು. 2002ರಲ್ಲಿ ತಂಡ ಕೈಬದಲಾಯಿತು. ಹೊಸ ಮಾಲೀಕರು ಯೋಜನೆಯನ್ನು ಪಕ್ಕಕ್ಕಿಟ್ಟರು. ಪ್ರತಿ ವರ್ಷ ಆಟದ ಋತು ಮುಗಿದ ಮೇಲೆ ಒಂದು ಭಾಗ ಬಿಚ್ಚುವುದು, ಮುಂದಿನ ಋತುವಿಗೆ ಮೊದಲು ಮುಚ್ಚುವುದು. ಹೀಗೆ ಸುಮಾರು ಹತ್ತು ವರ್ಷ ಕೆಲಸ ಮಾಡಿದರು. ಪಂದ್ಯದ ದಿನ ಪಕ್ಕದ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಿ ಆ ರಸ್ತೆಯನ್ನೇ ಮೈದಾನದ ಅಂಗಳವಾಗಿ ಸೇರಿಸಿಕೊಂಡರು. ಇಕ್ಕಟ್ಟಾದ ಜಾಗಕ್ಕೆ ಅವರು ಕಂಡುಕೊಂಡ ಆ ಉಪಾಯ ನಮಗೂ ಬೇಕಾದದ್ದು. ಮೊದಲು ಹೇಳಿದ ಐಬ್ರಾಕ್ಸ್ ಕೂಡ ಊರು ಬಿಟ್ಟು ಹೋಗಲಿಲ್ಲ. ಹಳೆಯ ಮುಖ್ಯ ಸ್ಟ್ಯಾಂಡನ್ನು ಉಳಿಸಿಕೊಂಡು, ಉಳಿದ ಮೂರು ಬದಿಯನ್ನು 1978ರಿಂದ 1981ರೊಳಗೆ ಹೊಸದಾಗಿ ಕಟ್ಟಿದರು.

ಇನ್ನು ಹೊಸದು ಕಟ್ಟುವ ಮಾತು. ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80 ಸಾವಿರ ಸೀಟಿನ ಕ್ರೀಡಾಂಗಣವನ್ನು ಸುಮಾರು 1,650 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟುವ ಪ್ರಸ್ತಾವಕ್ಕೆ 2025ರ ಆಗಸ್ಟಿನಲ್ಲಿ ಮುಖ್ಯಮಂತ್ರಿಗಳ ಒಪ್ಪಿಗೆ ಸಿಕ್ಕಿತು. ಜಾಗ ವಿಶಾಲ, ಕಾದು ನಿಲ್ಲಲು ಎಕರೆಗಟ್ಟಲೆ ಅಂಗಳ ಬಿಡಬಹುದು. ಅದು ದೊಡ್ಡ ಲಾಭವೇ. ಆದರೆ ಊರಾಚೆ ಹೋದವರ ಅನುಭವವನ್ನೂ ಕೇಳಬೇಕು. ನಾಗಪುರದವರು 2008ರಲ್ಲಿ ಊರೊಳಗಿನ ಮೈದಾನ ಬಿಟ್ಟು ವರ್ಧಾ ರಸ್ತೆಯ ಜಾಮ್ಠಾಕ್ಕೆ ಹೋದರು. ಪಂದ್ಯ ಮುಗಿದ ರಾತ್ರಿ ಆ ರಸ್ತೆಯಲ್ಲಿ ಸಿಕ್ಕಿಕೊಳ್ಳುವುದು ಅಲ್ಲಿನವರಿಗೆ ರೂಢಿಯಾಗಿದೆ. ಪುಣೆಯವರು ಎಕ್ಸ್‌ಪ್ರೆಸ್ ಹೆದ್ದಾರಿಯ ಬದಿಯ ಗಹುಂಜೆಯಲ್ಲಿ ಕಟ್ಟಿದರು. ಸಾಲ ತೀರಿಸಲಾಗದೆ 2018ರಲ್ಲಿ ಬ್ಯಾಂಕಿನವರು ಬಂದು ಸಾಂಕೇತಿಕವಾಗಿ ಮೈದಾನವನ್ನೇ ವಶಕ್ಕೆ ತೆಗೆದುಕೊಂಡರು. ಸಾಲದ ಮಾತಿಗೆ ಬಂದರೆ, ಅಮೆರಿಕದ ಸಿಯಾಟಲ್‌ನಲ್ಲಿ 1976ರಲ್ಲಿ ತೆರೆದ ಕಿಂಗ್‌ಡೋಮ್ ಎಂಬ ಕ್ರೀಡಾಂಗಣವನ್ನು 2000ದಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಅದರ ಮೇಲಿನ ಸಾಲ ತೀರಿದ್ದು 2015ರಲ್ಲಿ. ಹದಿನೈದು ವರ್ಷ ಅಲ್ಲಿಯ ಜನ ಇಲ್ಲದ ಕಟ್ಟಡಕ್ಕೆ ಕಂತು ಕಟ್ಟಿದರು.

ಸೂರ್ಯನಗರದ ಲೆಕ್ಕವನ್ನೂ ಹಾಕೋಣ. 80 ಸಾವಿರದಲ್ಲಿ ಅರ್ಧ ಜನ ಮೆಟ್ರೊ ಹಿಡಿಯುತ್ತಾರೆ ಎನ್ನಿ. ಹಳದಿ ಮಾರ್ಗದ ಕೊನೆಯ ನಿಲ್ದಾಣ ಬೊಮ್ಮಸಂದ್ರ. ಮೈದಾನದಿಂದ ಅಲ್ಲಿಯವರೆಗೆ ಬಸ್ಸಿನಲ್ಲೇ ಬರಬೇಕು. ಒಂದು ರೈಲಿಗೆ ಒಂದೂವರೆ ಸಾವಿರ ಜನ, ಐದು ನಿಮಿಷಕ್ಕೊಂದು ರೈಲು ಎಂದಿಟ್ಟುಕೊಂಡರೂ 40 ಸಾವಿರ ಜನ ಹೊರಡಲು ಎರಡು ಗಂಟೆ ದಾಟುತ್ತದೆ. ಪಂದ್ಯ ಮುಗಿಯುವುದು ರಾತ್ರಿ ಹನ್ನೊಂದರ ಮೇಲೆ. ಮೈದಾನದ ಬಾಗಿಲಿಗೇ ಹಳಿ ಬರದಿದ್ದರೆ, ನೂಕುನುಗ್ಗಲು ಚಿನ್ನಸ್ವಾಮಿ ಬದಿಯ ಕ್ವೀನ್ಸ್ ರಸ್ತೆಯಿಂದ ಹೊಸೂರು ರಸ್ತೆಗೆ ವರ್ಗವಾಗುತ್ತದೆ, ಅಷ್ಟೆ. ಆದ್ದರಿಂದ ಮೊದಲು ಹಳಿ, ಆಮೇಲೆ ಸೀಟು. ನಮ್ಮಲ್ಲಿ ಇದು ಸಾಮಾನ್ಯವಾಗಿ ತಿರುವುಮುರುವಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಚಿನ್ನಸ್ವಾಮಿಯಲ್ಲಿ ಕ್ರಿಕೆಟ್ ಮುಂದುವರಿಯಬೇಕು. ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್ ಎರಡೂ ಮೆಟ್ರೊ ನಿಲ್ದಾಣಗಳು ನಡಿಗೆಯ ದೂರದಲ್ಲಿವೆ. ಇಂಥ ಜಾಗ ಮತ್ತೆ ಸಿಗುವುದಿಲ್ಲ. ಆದರೆ ಅದು ಚಿಕ್ಕದಾಗಬೇಕು. ಕೆಲವು ಸಾಲು ಸೀಟು ತೆಗೆದು ಮೆಟ್ಟಿಲು ಅಗಲಿಸಬೇಕು. ನೆಲಮಟ್ಟದಲ್ಲಿ ಸ್ಟ್ಯಾಂಡಿನ ಕೆಳಗಿನ ಕೋಣೆಗಳನ್ನು ತೆರವು ಮಾಡಿ, ಗೇಟನ್ನು ಫುಟ್‌ಪಾತಿನಿಂದ ಹಿಂದಕ್ಕೆ ಸರಿಸಬೇಕು. ಪಂದ್ಯದ ದಿನ ಸುತ್ತಲಿನ ರಸ್ತೆ ಮುಚ್ಚಿ, ಗೇಟಿಗಿಂತ ಬಹಳ ಹಿಂದೆಯೇ ಟಿಕೆಟ್ ನೋಡಿ, ಟಿಕೆಟ್ ಇಲ್ಲದವರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಬೇಕು. ಎಷ್ಟು ಜನ ಬರುತ್ತಾರೆಂದು ಗೊತ್ತಿಲ್ಲದ ಮೆರವಣಿಗೆ, ಸನ್ಮಾನ, ಸಂಭ್ರಮ ಯಾವುದೂ ಅಲ್ಲಿ ಬೇಡ. ಲಕ್ಷಗಟ್ಟಲೆ ಜನ ಸೇರಿದರೆ ಹೊಸ ಮೈದಾನವೂ ತಾಳಲಾರದು.

ಸೀಟು ಕಡಿಮೆಯಾಗಲಿ ಎಂದಾಗ ಯಾರ ಸೀಟು ಎಂಬ ಪ್ರಶ್ನೆ ಏಳುತ್ತದೆ. ವಾಂಖೆಡೆ ಹುಟ್ಟಿದ್ದೇ ಟಿಕೆಟ್ ಹಂಚಿಕೆಯ ಜಗಳದಿಂದ: ಬ್ರೆಬೋರ್ನ್ ಮೈದಾನದ ಒಡೆಯರಾದ ಕ್ಲಬ್ಬಿನವರು ತಮಗೆ ಸಾಕಷ್ಟು ಟಿಕೆಟ್ ಕೊಡುವುದಿಲ್ಲವೆಂದು ಮುನಿದ ಮುಂಬೈ ಕ್ರಿಕೆಟ್ ಸಂಸ್ಥೆಯವರು 1974ರಲ್ಲಿ ಕೂಗಳತೆಯಲ್ಲೇ ತಮ್ಮದೊಂದನ್ನು ಕಟ್ಟಿಕೊಂಡರು. ನವೀಕರಣವಾದ ಕಡೆಯೆಲ್ಲ ಗಾಜಿನ ಪೆಟ್ಟಿಗೆಯಂಥ ಎಸಿ ಕೋಣೆಗಳು ಹೆಚ್ಚುತ್ತವೆ, ಬಿಸಿಲಿನ ಗ್ಯಾಲರಿ ಕರಗುತ್ತದೆ. ಅಂದು 1974ರಲ್ಲಿ ರಿಚರ್ಡ್ಸ್ ಆಟ ನೋಡಿದವರಲ್ಲಿ ಬುತ್ತಿ ಕಟ್ಟಿಕೊಂಡು ಬಂದ ವಿದ್ಯಾರ್ಥಿಗಳಿದ್ದರು, ಗುಮಾಸ್ತರಿದ್ದರು. 1996ರ ಅದೇ ಬೌಲರ್ ವೆಂಕಟೇಶ್ ಪ್ರಸಾದ್ 2025ರ ಡಿಸೆಂಬರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಆಯ್ಕೆಯಾಗಿದ್ದಾರೆ. ಹೊಸ ನಕ್ಷೆ ಅವರ ಮೇಜಿಗೆ ಬಂದಾಗ ಗೇಟಿನ ಅಗಲದ ಜೊತೆಗೆ ಅಗ್ಗದ ಟಿಕೆಟ್ಟಿನ ಸೀಟು ಎಷ್ಟು ಉಳಿದಿದೆ ಎಂದೂ ಎಣಿಸಲಿ. ಆ ಎಣಿಕೆಯನ್ನು ಟಿಕೆಟ್ ಮಾರುವ ಮೊದಲೇ ಪತ್ರಿಕೆಗಳಲ್ಲಿ ಪ್ರಕಟಿಸಲಿ.