ಗಂಗಮ್ಮನ ಪಕ್ಷದವರು

(ಶಾಲೆಯ ಸುವರ್ಣ ಮಹೋತ್ಸವದ ಸಾಹಿತ್ಯ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿನಿ, ನಿವೃತ್ತ ಕನ್ನಡ ಶಿಕ್ಷಕಿಯೊಬ್ಬರು ಆಡಿದ ಮಾತು)

ನನಗೆ ಕೊಟ್ಟಿರುವುದು ಹತ್ತು ನಿಮಿಷ. ನಿವೃತ್ತ ಶಿಕ್ಷಕಿಯ ಕೈಗೆ ಮೈಕು ಕೊಟ್ಟು ಹತ್ತೇ ನಿಮಿಷ ಅಂದ ಸಂಘಟಕರ ಧೈರ್ಯವನ್ನು ಮೆಚ್ಚಬೇಕು.

2025ರ ಸೆಪ್ಟೆಂಬರ್ 24ರಂದು ಎಸ್. ಎಲ್. ಭೈರಪ್ಪನವರು ತೀರಿಕೊಂಡರು. ಅವರ ಬಗ್ಗೆ ಮಾತಾಡಿ ಎಂದು ಸಮಿತಿಯವರು ಕೇಳಿದರು. ಅವರ ಎಲ್ಲ ಕಾದಂಬರಿಗಳ ಬಗ್ಗೆ ಹೇಳುವ ಶಕ್ತಿ ನನಗಿಲ್ಲ. ಅವುಗಳಲ್ಲಿ ಬರುವ, ಓದುಗರಿಗೆ ಇಷ್ಟವೇ ಆಗದ ಕೆಲವರ ಬಗ್ಗೆ ಮಾತ್ರ ಹೇಳುತ್ತೇನೆ. ಆ ಜನರ ವಿಷಯದಲ್ಲಿ ನಮ್ಮ ಮನೆಯೊಳಗೇ ಪಕ್ಷಗಳಾಗಿದ್ದವು.

ನಾವು ಓದುವಾಗ ಈ ಶಾಲೆಯ ಲೈಬ್ರರಿ ಎಂದರೆ ಒಂದು ಮರದ ಬೀರು. ಬೀಗದ ಕೈ ಕನ್ನಡ ಮೇಷ್ಟ್ರ ಜೇಬಿನಲ್ಲಿ. ಒಂಬತ್ತನೇ ತರಗತಿಯಲ್ಲಿ ಅವರು ನನಗೆ 'ಗೃಹಭಂಗ' ಕೊಟ್ಟರು. "ಓದು. ಅದರಲ್ಲಿರೋ ಬೈಗುಳ ಮಾತ್ರ ಕಲೀಬೇಡ" ಎಂದರು. ಅವರು ಹೇಳದೇ ಇದ್ದಿದ್ದರೆ ನಾನು ಅಷ್ಟು ಗಮನ ಕೊಟ್ಟು ಓದುತ್ತಿರಲಿಲ್ಲವೇನೋ.

ರಾತ್ರಿ ಊಟವಾದ ಮೇಲೆ ಅವ್ವ ಮುತ್ತುಗದ ಎಲೆ ಹಚ್ಚುತ್ತ ಕೂರುತ್ತಿದ್ದಳು. ಅವಳಿಗೆ ಓದು ಬರದು. ಬುಡ್ಡಿ ದೀಪದ ಹತ್ತಿರ ನಾನು ಗಟ್ಟಿಯಾಗಿ ಓದುತ್ತಿದ್ದೆ. ನಂಜಮ್ಮ ಸಂಸಾರ ಸಾಗಿಸಲು ಎಲೆ ಹಚ್ಚಿ ಮಾರುವ ಭಾಗ ಬಂದಾಗ ಅವ್ವನ ಕೈ ಕಡ್ಡಿ ಹಿಡಿದಲ್ಲೇ ನಿಂತಿತು. "ಈ ಯಪ್ಪನಿಗೆ ಇದೆಲ್ಲ ಹೆಂಗೆ ಗೊತ್ತು?" ಎಂದಳು.

ಓದದೇ ಇರುವವರಿಗಾಗಿ ಎರಡು ಮಾತು. 'ಗೃಹಭಂಗ' ಪ್ರಕಟವಾದದ್ದು 1970ರಲ್ಲಿ. ಕತೆ ನಡೆಯುವುದು ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ತಿಪಟೂರು ಸೀಮೆಯ ರಾಮಸಂದ್ರದಲ್ಲಿ. ಗಂಗಮ್ಮ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು, ಬಾಯಿ ತೆರೆದರೆ ಬೈಗುಳ. ದೊಡ್ಡ ಮಗ ಚೆನ್ನಿಗರಾಯನದು ಶ್ಯಾನುಭೋಗಿಕೆ, ಆದರೆ ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಅವನಿಗೆ ಊಟ ಮತ್ತು ಹೊಗೆಸೊಪ್ಪು ಇದ್ದರೆ ಸಾಕು. ತಮ್ಮ ಅಪ್ಪಣ್ಣಯ್ಯ ಇನ್ನೊಂದು ಥರ. ಜಮೀನು ಹೋಗುತ್ತದೆ, ಮನೆ ಹೋಗುತ್ತದೆ. ಪ್ಲೇಗು ಬಂದು ನಂಜಮ್ಮನ ಬೆಳೆದ ಮಕ್ಕಳನ್ನು ಒಯ್ಯುತ್ತದೆ, ಕೊನೆಗೆ ಅವಳನ್ನೂ.

ನಮ್ಮಪ್ಪ ಎರಡು ದಿನ ಕೇಳಿ ಎದ್ದು ಹೋದರು. "ಇಂಥೋರ್ನೆಲ್ಲ ಯಾಕೆ ಬರೀಬೇಕು? ನಾಲ್ಕು ಜನ ಒಳ್ಳೇರ ಕತೆ ಬರೀಬಾರ್ದಾ?" ಅವ್ವ ನಂಜಮ್ಮನ ಪಕ್ಷ. ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಾದದ್ದು ಅಜ್ಜಿಯಿಂದ. ಅಪ್ಪನ ತಾಯಿ ಅವಳು. ಅವ್ವನನ್ನು ಅವಳು ಬೈದಿರುವ ಬೈಗುಳ ಗಂಗಮ್ಮನಿಗೂ ಬರುತ್ತಿರಲಿಲ್ಲ. ಒಳಕೋಣೆಯ ಕತ್ತಲಲ್ಲಿ ಮಲಗಿಕೊಂಡೇ ಎಲ್ಲ ಕೇಳಿಸಿಕೊಳ್ಳುತ್ತಿದ್ದವಳು ಒಂದು ರಾತ್ರಿ ಕೂಗಿ ಹೇಳಿದಳು: "ಅವಳು ಬೈದದ್ದರಲ್ಲಿ ಏನೇ ತಪ್ಪು? ಗಂಡ ಇಲ್ಲ, ದಿಕ್ಕಿಲ್ಲ. ಬಾಯಿ ಒಂದಿರ್ಲಿಲ್ಲ ಅಂದಿದ್ರೆ ಊರೋರು ಅವಳ್ನ ಬಿಡ್ತಿದ್ರಾ?"

ಮುಂದೆ ನಾನು ಶಿಕ್ಷಕಿಯಾದ ಮೇಲೆ ಸ್ಟಾಫ್ ರೂಮಿನಲ್ಲೂ ಇದೇ ಜಗಳ ಕಂಡೆ. ಗಿರೀಶ್ ಕಾಸರವಳ್ಳಿಯವರ ನಿರ್ದೇಶನದಲ್ಲಿ 'ಗೃಹಭಂಗ' ಟಿ.ವಿ. ಧಾರಾವಾಹಿಯಾಗಿ ಬಂದಾಗಲಂತೂ ಬೆಳಗಿನ ಚಹಾಕ್ಕೆ ಅದೇ ಮಾತು. ತಾಯಿಯಾದವಳು ಇಷ್ಟು ಕೆಟ್ಟವಳಿರುತ್ತಾಳೆಯೇ, ತಂದೆಯಾದವನಿಗೆ ಕರುಳೇ ಇಲ್ಲವೇ, ಒಂದಾದರೂ ಪಶ್ಚಾತ್ತಾಪದ ದೃಶ್ಯ ಇರಬಾರದಿತ್ತೇ ಎಂದು ಒಂದು ಪಕ್ಷ. ಲೇಖಕರು ತಾವು ಕಂಡದ್ದನ್ನೇ ಬರೆದಿದ್ದಾರೆ, ಅವರ ಆತ್ಮಕಥೆ 'ಭಿತ್ತಿ' ಓದಿ ನೋಡಿ ಎಂದು ಇನ್ನೊಂದು. ಸಂತೇಶಿವರದ ಆ ಬಾಲ್ಯ, ಪ್ಲೇಗಿನ ಸಾವುಗಳು, ತಾಯಿಯ ಪಾಡು ಓದಿದವರಿಗೆ ಹೋಲಿಕೆ ಕಾಣದೇ ಇರುವುದಿಲ್ಲ. ಆದರೂ ಎರಡನೇ ಪಕ್ಷದ ವಾದ ನನಗೆ ಸಾಲದು. ನಿಜವಾಗಿ ನಡೆದದ್ದೆಲ್ಲ ಒಳ್ಳೆಯ ಕಾದಂಬರಿ ಆಗುವುದಿಲ್ಲವಲ್ಲ.

ನಾನು ಬಹಳ ವರ್ಷ ಮೊದಲನೇ ಪಕ್ಷದಲ್ಲಿದ್ದೆ. ಪಾಠದ ಕೊನೆಗೆ ನೀತಿ ಹೇಳಿ ಹೇಳಿ ಅಭ್ಯಾಸವಾದವಳಿಗೆ ಚೆನ್ನಿಗರಾಯ ಬದಲಾಗದೇ ಉಳಿಯುವುದು ಸಹಿಸಲಾಗುತ್ತಿರಲಿಲ್ಲ. ನನ್ನನ್ನು ಅಲ್ಲಿಂದ ಕದಲಿಸಿದವನು ಒಬ್ಬ ಹುಡುಗ. ಒಮ್ಮೆ ತರಗತಿಯಲ್ಲಿ ಚೆನ್ನಿಗರಾಯ ಉಣ್ಣುವ ರೀತಿಯನ್ನು ಅಭಿನಯಿಸಿ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿಂದಿನ ಬೆಂಚಿನ ಒಬ್ಬ ನಗಲಿಲ್ಲ. ಗಂಟೆ ಹೊಡೆದ ಮೇಲೆ ಬಾಗಿಲ ಹತ್ತಿರ ನಿಂತು ಹೇಳಿದ: "ನಮ್ಮಪ್ಪಾನೂ ಹಂಗೇ ಮಿಸ್. ಆದ್ರೂ ನಮ್ಮಮ್ಮ ಮೊದ್ಲು ಅವನಿಗೇ ಬಡಿಸ್ತಾಳೆ." ನನಗೆ ಉತ್ತರ ಹೊಳೆಯಲಿಲ್ಲ. ಅವನ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ.

ಆ ರಾತ್ರಿ ಪುಸ್ತಕ ಮತ್ತೆ ತೆಗೆದೆ. ಆಗ ಕಂಡದ್ದು ಇಷ್ಟು. ಚೆನ್ನಿಗರಾಯ ಖಳನಾಯಕನಲ್ಲ. ಖಳನಾಯಕನಾದವನು ಯೋಚನೆ ಮಾಡುತ್ತಾನೆ, ಹೊಂಚು ಹಾಕುತ್ತಾನೆ. ಇವನು ಯಾರ ಮನೆ ಹಾಳು ಮಾಡಲೂ ಹೊರಟವನಲ್ಲ. ಇವನಿಗೆ ಹಸಿವಾಗುತ್ತದೆ, ಉಣ್ಣುತ್ತಾನೆ, ಪಕ್ಕದಲ್ಲಿ ಇನ್ನೊಬ್ಬರಿಗೂ ಹಸಿವಾಗುತ್ತದೆ ಎಂಬುದು ತಲೆಗೆ ಹೋಗುವುದಿಲ್ಲ. ಮನೆ ಮುರಿಯುವುದಕ್ಕೆ ಅಷ್ಟೇ ಸಾಕಾಗುತ್ತದೆ. ಲೇಖಕರು ಅವನನ್ನು ತಿದ್ದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು, ಆ ಹುಡುಗನ ಅಪ್ಪನಿಗೂ ಅವನಿಗೂ ಇದ್ದ ಸಂಬಂಧ ಮಾತ್ರ ಕಡಿದುಹೋಗುತ್ತಿತ್ತು.

ಗಂಗಮ್ಮನೂ ಹಾಗೆಯೇ. ಅವಳ ಬೈಗುಳ ಅವಳದೇ. ಯಾರೋ ಬರೆದು ಅವಳ ಬಾಯಿಗಿಟ್ಟದ್ದಲ್ಲ. ಅವಳ ಮಕ್ಕಳು ಮಾತು ಕಲಿತದ್ದೂ ಆ ಬಾಯಿಂದಲೇ.

ಭೈರಪ್ಪನವರ ಇಷ್ಟವಾಗದ ಪಾತ್ರಗಳೆಲ್ಲ ಹೀಗೇ ಇವೆ ಎಂದು ನಾನು ಹೇಳುವುದಿಲ್ಲ. 'ಮಂದ್ರ'ದ ಮೋಹನಲಾಲ ದೊಡ್ಡ ಗಾಯಕ. ಶಿಷ್ಯೆಯಿಂದ ಗುರುವಾದವನು ಕೇಳಬಾರದ್ದನ್ನು ಕೇಳುವವನು. ಅವನ ಮೇಲೆ ಅಸಹ್ಯ ಬರುತ್ತದೆ, ಹಾಡಲು ಕೂತನೆಂದರೆ ಎದ್ದು ಹೋಗಲಿಕ್ಕೂ ಆಗುವುದಿಲ್ಲ. ಆ ಕಾದಂಬರಿಗೆ 2010ರ ಸಾಲಿನ ಸರಸ್ವತಿ ಸಮ್ಮಾನ್ ಬಂತು. ಅದೇ 2010ರಲ್ಲಿ ಬಂದ 'ಕವಲು' ಓದಿದಾಗ ಮಾತ್ರ ನಾನು ಮುನಿಸಿಕೊಂಡೆ. ಅದರ ಮಂಗಳೆ ಬಾಯಿ ತೆರೆಯುವ ಮುಂಚೆಯೇ ತೀರ್ಪು ಬರೆದಿಟ್ಟಹಾಗೆ ನನಗೆ ಕಂಡಿತು. ಅವಳು ಕೆಟ್ಟವಳಾದದ್ದಕ್ಕೆ ನನ್ನ ತಕರಾರಿಲ್ಲ. ಗಂಗಮ್ಮನಿಗೆ ಸಿಕ್ಕ ನಾಲಿಗೆ ಇವಳಿಗೆ ಸಿಗಲಿಲ್ಲ, ಅದು ನನ್ನ ತಕರಾರು. ಇದನ್ನು ಒಪ್ಪದವರು ಇಲ್ಲೇ ಮುಂದಿನ ಸಾಲಿನಲ್ಲಿ ಇಬ್ಬರಿದ್ದಾರೆ, ಊಟದ ಹೊತ್ತಿಗೆ ನನ್ನನ್ನು ಹಿಡಿಯುತ್ತಾರೆ.

ಸಮಿತಿಯವರು ಗಡಿಯಾರ ನೋಡುತ್ತಿದ್ದಾರೆ. ಅಜ್ಜಿಯ ವಿಷಯ ಹೇಳಿ ಮುಗಿಸುತ್ತೇನೆ.

ಪುಸ್ತಕ ಮುಗಿಯುವ ಹೊತ್ತಿಗೆ ಹದಿನೈದು ದಿನವಾಗಿತ್ತು. ನಂಜಮ್ಮ ಸತ್ತ ರಾತ್ರಿ ಅವ್ವ ಎಲೆ ಹಚ್ಚಲೇ ಇಲ್ಲ, ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು. ನಾನು ಪುಸ್ತಕ ಮುಚ್ಚಿದೆ. ಒಳಕೋಣೆಯಿಂದ ಅಜ್ಜಿ ಕೇಳಿದಳು:

"ಗಂಗಮ್ಮಾನೂ ಸತ್ತಳೇನೇ?"

"ಇಲ್ಲಜ್ಜಿ. ಅವಳು ಬದುಕಿದ್ದಾಳೆ."

ಬಹಳ ಹೊತ್ತು ಸದ್ದಿಲ್ಲ. ನಿದ್ದೆ ಹೋದಳು ಅಂದುಕೊಂಡೆ. ಆಮೇಲೆ, ನಾನು ಆವರೆಗೂ ಅವಳ ಬಾಯಲ್ಲಿ ಕೇಳಿರದ ಸಣ್ಣ ದನಿಯಲ್ಲಿ ಅಂದಳು: "ಸೊಸೆ ಹೋದ್ಮೇಲೆ ಅವಳಿಗೆ ಗಂಜಿ ಹಾಕೋರು ಯಾರು?"

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಅಜ್ಜಿಯ ಗಂಜಿಯ ತಟ್ಟೆ ಇತ್ತು.