ವಿಳಾಸಗಳ ವಲಸೆ



ದುಬೈ ನಗರದ ದೇರಾ ಭಾಗದಲ್ಲಿ, ಅಲ್ ರಿಗ್ಗಾ ಮತ್ತು ಅಲ್ ಮುತೀನಾಗಳ ನೆರೆಯಲ್ಲಿರುವ ಅಲ್ ಮುರಕ್ಕಬಾತ್ ಎಂಬ ಬಡಾವಣೆಯಲ್ಲಿ ಬಹುಮಹಡಿಯ ಕಟ್ಟಡಗಳಿಗೂ, ಅವುಗಳ ಒಂದೊಂದು ಕೋಣೆಯನ್ನು ಹಂಚಿಕೊಂಡು ಬಾಳುವ ಪರದೇಶದವರಿಗೂ ಕೊರತೆಯಿಲ್ಲ; ಆದರೆ ಆ ಕಟ್ಟಡಗಳ ಮೆಟ್ಟಿಲುಗಳನ್ನೇರಿ, ಹೆಸರು ಹಿಡಿದು ಕೂಗಿ, ಕಾಗದವನ್ನು ಕೈಗಿತ್ತು ಹೋಗುವ ಅಂಚೆಯವನನ್ನು ಮಾತ್ರ ಅಲ್ಲಿ ತಲೆಮಾರುಗಳ ಕಾಲ ಯಾರೂ ಕಂಡವರಲ್ಲ. ಆ ದೇಶದಲ್ಲಿ ಪತ್ರವು ಮನೆಗೆ ಬರುವ ಪದ್ಧತಿಯಿರಲಿಲ್ಲ; ಅಂಚೆಕಚೇರಿಯ ಗೋಡೆಯಲ್ಲಿ ಸಾಲಾಗಿ ಕೂಡಿಸಿದ, ಸಂಖ್ಯೆಯುಳ್ಳ ಪುಟ್ಟ ಪೆಟ್ಟಿಗೆಗಳಿಗೆ ಬರುತ್ತಿತ್ತು. ಆ ಪೆಟ್ಟಿಗೆಯಾದರೂ ಬಹುಜನರ ಪಾಲಿಗೆ ಅವರ ಸ್ವಂತದ್ದಲ್ಲ. ವೀಸಾ ಕೊಟ್ಟು ಕರೆಸಿಕೊಂಡ ಕಂಪೆನಿಯದು. ಮಂಗಳೂರಿನಲ್ಲಿಯೋ ಕುಂದಾಪುರದಲ್ಲಿಯೋ ಕಾಸರಗೋಡಿನಲ್ಲಿಯೋ ಕುಳಿತ ತಾಯಿ ಮಗನ ಹೆಸರಿನ ಕೆಳಗೆ ಕಂಪೆನಿಯ ಹೆಸರನ್ನೂ, ಅದರ ಕೆಳಗೆ ಪಿ.ಒ. ಬಾಕ್ಸ್ ಸಂಖ್ಯೆಯನ್ನೂ ಬರೆಯುತ್ತಿದ್ದಳೇ ಹೊರತು ಅವನಿರುವ ಬೀದಿ ಯಾವುದು, ಕಟ್ಟಡ ಯಾವುದು ಎಂಬುದು ಅವಳಿಗೆ ಬೇಕಾಗಿರಲಿಲ್ಲ. ಆದಕಾರಣ ಕಂಪೆನಿಯನ್ನು ಬಿಟ್ಟವನು ತನ್ನ ವಿಳಾಸವನ್ನೂ ಅಲ್ಲಿಯೇ ಬಿಟ್ಟು ಹೊರಡಬೇಕಾಗುತ್ತಿತ್ತು.

ಹಳೆಯ ಗಣಕಯಂತ್ರದಿಂದ ಹೊಸದಕ್ಕೆ ಇ-ಮೇಲುಗಳನ್ನೂ ಬಂಧುಮಿತ್ರರ ವಿಳಾಸಗಳನ್ನೂ ಸಾಗಿಸುವ ವಿದ್ಯೆಯ ಚರಿತ್ರೆಯನ್ನು ಕುರಿತು ಇಂದು ಮಾತಾಡಲು ಹೊರಟವನು ಅಂಚೆಪೆಟ್ಟಿಗೆಯಿಂದ ಆರಂಭಿಸಿದುದೇಕೆಂದು ನೀವು ಕೇಳಬಹುದು. ಪತ್ರವು ಯಾರ ವಶದಲ್ಲಿರುತ್ತದೆ, ಇದ್ದಲ್ಲಿಂದ ಎದ್ದು ಹೋಗುವವನು ಅದನ್ನು ಜೊತೆಯಲ್ಲಿ ಒಯ್ಯಬಲ್ಲನೇ ಎಂಬ ಪ್ರಶ್ನೆಯು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ನೆಲೆಯಿಲ್ಲದ ಜೀವನವನ್ನು ನಡೆಸುವವರಿಗೆ ಅದು ಮೊದಲಿನಿಂದಲೂ ಇದ್ದ ಪ್ರಶ್ನೆ.

ದುಬೈಯ ಮೊದಲ ಅಂಚೆಕಚೇರಿಯು 1909ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ತೆರೆದಾಗ ಅದು ಭಾರತದ ಅಂಚೆ ಇಲಾಖೆಯ ಒಂದು ಶಾಖೆಯಾಗಿದ್ದಿತು. ಅಲ್ಲಿ ಹಚ್ಚುತ್ತಿದ್ದುದು ಮೈಸೂರಿನಾಚೆ ಬಳ್ಳಾರಿಯಲ್ಲಿಯೋ ಧಾರವಾಡದಲ್ಲಿಯೋ ಹಚ್ಚುತ್ತಿದ್ದ ಅದೇ ಅಂಚೆಚೀಟಿಯನ್ನು. ದೇಶವಿಭಾಗದ ತರುವಾಯ ಕೆಲವು ತಿಂಗಳು ಅದು ಪಾಕಿಸ್ತಾನದ ಆಡಳಿತಕ್ಕೊಳಪಟ್ಟು, 1948ರ ಏಪ್ರಿಲಿನಿಂದ ಬ್ರಿಟಿಷರ ಕೈಗೆ ಬಂದಿತು. ಆಗ ಇಂಗ್ಲೆಂಡಿನ ಅಂಚೆಚೀಟಿಯ ಮೇಲೆ ಆಣೆ, ರೂಪಾಯಿಗಳ ಬೆಲೆಯನ್ನು ಮುದ್ರಿಸಿ ಮಾರುತ್ತಿದ್ದರು. 1963ರಲ್ಲಿ ದುಬೈ ತನ್ನದೇ ಅಂಚೆಚೀಟಿಯನ್ನು ಹೊರಡಿಸಿತು. ಬ್ರಿಟಿಷ್ ಇಂಡಿಯಾ ಕಂಪೆನಿಯ ಹಡಗುಗಳು ಬೊಂಬಾಯಿ, ಕರಾಚಿಗಳಿಂದ ಜನರನ್ನೂ ಟಪಾಲನ್ನೂ ತರುತ್ತಿದ್ದವು. ಅವುಗಳಲ್ಲಿ ಕಡೆಯದಾದ ‘ದ್ವಾರಕಾ’ 1982ರವರೆಗೆ ಓಡಾಡಿತು. ಟಪಾಲು ತಡವಾದಾಗ ಜನರು ನಂಬುತ್ತಿದ್ದುದು ಊರಿಗೆ ಹೊರಟವರ ಕೈಯನ್ನು: ಕಾಗದವನ್ನು, ಆಮೇಲಾಮೇಲೆ ಮಾತು ತುಂಬಿದ ಕ್ಯಾಸೆಟ್ಟನ್ನು ಅವರಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ಆ ಪತ್ರಗಳನ್ನು ತಗಡಿನ ಪೆಟ್ಟಿಗೆಯಲ್ಲಿಯೋ ಬಟ್ಟೆಗಳ ನಡುವೆಯೋ ಇರಿಸಿಕೊಂಡವನು ಕೋಣೆ ಬದಲಾಯಿಸಿದರೆ ಅವೂ ಜೊತೆಯಲ್ಲಿ ಹೋದವು, ಅಷ್ಟೆ. ಒಯ್ಯಲು ಯಾವ ವಿದ್ಯೆಯೂ ಬೇಕಾಗಿರಲಿಲ್ಲ.

1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಂದೇಶವನ್ನು ಕಳುಹಿಸಿ, ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ‘ಅಟ್’ ಚಿಹ್ನೆಯನ್ನಿಟ್ಟನು. ಅಲ್ಲಿಂದ ಹನ್ನೊಂದು ವರ್ಷಗಳ ತರುವಾಯ, 1982ರಲ್ಲಿ, ಜಾನ್ ಪೋಸ್ಟೆಲ್ ಮತ್ತು ಡೇವಿಡ್ ಕ್ರಾಕರ್ ಎಂಬಿಬ್ಬರು ಪತ್ರವನ್ನು ಹೇಗೆ ಸಾಗಿಸತಕ್ಕದ್ದು, ಅದರ ತಲೆಬರಹ ಹೇಗಿರತಕ್ಕದ್ದು ಎಂಬುದನ್ನು ನಿಯಮಗಳಾಗಿ ಬರೆದಿಟ್ಟರು. ಆದರೆ ತಲಪಿದ ಪತ್ರವನ್ನು ಹೇಗೆ ಕೂಡಿಡಬೇಕೆಂಬುದನ್ನು ಆ ನಿಯಮಗಳು ಹೇಳಲಿಲ್ಲ. ಈ ಒಂದು ಮೌನವೇ ಮುಂದಿನ ಸಕಲ ಕಷ್ಟಗಳಿಗೂ ಮೂಲವೆಂದು ನನ್ನ ಅಭಿಪ್ರಾಯ. ಯುನಿಕ್ಸ್ ಯಂತ್ರಗಳನ್ನು ಬಳಸುತ್ತಿದ್ದವರು ಎಲ್ಲ ಪತ್ರಗಳನ್ನೂ ಒಂದೇ ಕಡತದಲ್ಲಿ, ಒಂದರ ಕೆಳಗೊಂದರಂತೆ, ಬರಿಯ ಅಕ್ಷರಗಳಾಗಿ ಬರೆದಿಡುತ್ತಿದ್ದರು. ಎಂಬಾಕ್ಸ್ ಎಂದು ಹೆಸರಾದ ಈ ಕಡತದಲ್ಲಿ ಪ್ರತಿಯೊಂದು ಪತ್ರವೂ ‘ಫ್ರಮ್’ ಎಂಬ ಪದದಿಂದಲೇ ಆರಂಭವಾಗುತ್ತದೆ. ಪತ್ರದ ಒಡಲಿನಲ್ಲಿಯೇ ಯಾರಾದರೂ ಆ ಪದದಿಂದ ಒಂದು ಸಾಲನ್ನು ತೊಡಗಿದರೆ ಯಂತ್ರವು ಅದನ್ನು ಹೊಸ ಪತ್ರವೆಂದು ಭ್ರಮಿಸದಿರಲೆಂದು ಸಾಲಿನ ಮುಂದೆ ಬಾಣದ ಮೊನೆಯಂಥ ಗುರುತನ್ನು ಸೇರಿಸುತ್ತಿದ್ದರು. ಏರ್ಪಾಡು ಒರಟೇ ಸರಿ. ಆದರೂ ಎಂತಹ ಯಂತ್ರವೂ ಓದಬಲ್ಲ, ಯಾರೂ ಬೀಗ ಹಾಕಲಾರದ ಈ ಒರಟು ಕಡತವು ಅದರ ತರುವಾಯ ಬಂದ ನಯಗಾರಿಕೆಯ ಕಡತಗಳನ್ನೆಲ್ಲ ಮೀರಿ ಬದುಕಿದೆ.

ಎಮಿರೇಟುಗಳಲ್ಲಿಯೂ ಭಾರತದಲ್ಲಿಯೂ ಅಂತರಜಾಲವು ಸಾರ್ವಜನಿಕರಿಗೆ ದೊರೆತುದು ಒಂದೇ ವರ್ಷ: 1995. ಇಲ್ಲಿ ವಿ.ಎಸ್.ಎನ್.ಎಲ್. ಸಂಸ್ಥೆಯು ಆ ವರ್ಷದ ಸ್ವಾತಂತ್ರ್ಯದಿನದಂದು ಸೇವೆಯನ್ನಾರಂಭಿಸಿತು. ಅಲ್ಲಿ, 1976ರಲ್ಲಿ ಸ್ಥಾಪಿತವಾಗಿದ್ದ ಎತಿಸಲಾತ್. ಬೆಂಗಳೂರಿನವರ ವಿಳಾಸವು ವಿ.ಎಸ್.ಎನ್.ಎಲ್. ಹೆಸರಿನಿಂದಲೂ ದುಬೈಯವರದು ಎಮಿರೇಟ್ಸ್ ಡಾಟ್ ನೆಟ್ ಡಾಟ್ ಎ.ಇ. ಎಂಬ ಹೆಸರಿನಿಂದಲೂ ಮುಗಿಯುತ್ತಿದ್ದ ಆ ದಿನಗಳಲ್ಲಿ, ದೂರವಾಣಿಯ ತಂತಿಯು ಕಿರಿಚಿ ನರಳಿ ಸಂಪರ್ಕವು ಸಿದ್ಧಿಸಿದೊಡನೆ ಪತ್ರಗಳನ್ನೆಲ್ಲ ಮನೆಯ ಗಣಕಕ್ಕೆ ಇಳಿಸಿಕೊಂಡು, ಬಿಲ್ಲು ಬೆಳೆಯದಂತೆ ತಟ್ಟನೆ ತಂತಿಯನ್ನು ಕಡಿದುಕೊಂಡು, ಆಮೇಲೆ ನಿಧಾನವಾಗಿ ಓದುವುದು ವಾಡಿಕೆಯಾಗಿದ್ದಿತು. ಪಾಪ್ ಎಂಬ ಹೆಸರಿನ ಈ ಪದ್ಧತಿಯಲ್ಲಿ ಇಳಿಸಿಕೊಂಡ ಪತ್ರವು ಸಾಮಾನ್ಯವಾಗಿ ಸರ್ವರಿನಲ್ಲಿ ಅಳಿಸಿಹೋಗುತ್ತಿತ್ತು. ಅಂದರೆ ಲೋಕದಲ್ಲಿ ಆ ಪತ್ರದ ಏಕಮಾತ್ರ ಪ್ರತಿಯು ಅಲ್ ಮುರಕ್ಕಬಾತಿನ ಯಾವುದೋ ಮಹಡಿಯ ಯಾವುದೋ ಕೋಣೆಯ ಮೇಜಿನ ಮೇಲಿರುತ್ತಿತ್ತು. ಪೆಟ್ಟಿಗೆಯೇನೋ ಕೊನೆಗೂ ನಮ್ಮದಾಯಿತು. ಆದರೆ ಅದರೊಳಗೆ ಏನು ಎಲ್ಲಿದೆಯೆಂಬುದು ನಮಗೆ ತಿಳಿಯದೆ ಹೋಯಿತು.

1997ರಿಂದ ಮುಂದೆ ಮನೆಮನೆಯ ಗಣಕಗಳಲ್ಲಿ ಮೈಕ್ರೋಸಾಫ್ಟಿನ ಔಟ್‌ಲುಕ್ ಎಕ್ಸ್‌ಪ್ರೆಸ್ ನೆಲಸಿತು. ವಿಂಡೋಸಿನೊಡನೆ ಪುಕ್ಕಟೆಯಾಗಿ ಬರುತ್ತಿದ್ದುದರಿಂದ ಬೇರೆ ತಂತ್ರಾಂಶವನ್ನು ಹುಡುಕುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. ಅದು ಪತ್ರಗಳನ್ನು ತನ್ನದೇ ಆದ ಡಿ.ಬಿ.ಎಕ್ಸ್. ಎಂಬ ರೂಪದಲ್ಲಿ, ಕಣ್ಣಿಗೆ ಕಾಣದಂತೆ ಮರೆಮಾಡಿದ ಫೋಲ್ಡರುಗಳ ಒಳಗಣ ಫೋಲ್ಡರಿನಲ್ಲಿ ಇರಿಸುತ್ತಿತ್ತು, ವಿಳಾಸಗಳನ್ನು ಡಬ್ಲ್ಯು.ಎ.ಬಿ. ಎಂಬ ಬೇರೊಂದು ಕಡತದಲ್ಲಿ, ಬೇರೊಂದು ಮೂಲೆಯಲ್ಲಿ. ಪ್ರತಿವರ್ಷ ಜೈಟೆಕ್ಸ್ ಎಂಬ ಪ್ರದರ್ಶನದ ಸುಮಾರಿಗೆ—1981ರಿಂದ ನಡೆದುಬಂದ ಈ ಪ್ರದರ್ಶನಕ್ಕೆ ಆಮೇಲೆ ಮಾರಾಟದ ಮೇಳವೂ ಜೊತೆಗೂಡಿತು—ಬೆಲೆಯ ರಿಯಾಯಿತಿಗೆ ಮನಸೋತು ಹೊಸ ಗಣಕವನ್ನು ಕೊಂಡವರು, ಹಳೆಯದನ್ನು ಖಾಡಿಯಾಚೆ ಬರ್ ದುಬೈಯ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಗೆ, ಜನರು ಕಂಪ್ಯೂಟರ್ ಸ್ಟ್ರೀಟ್ ಎಂದು ಕರೆಯುವ ಬೀದಿಗೆ, ಹೊತ್ತು ಮಾರುವ ಮುನ್ನ ‘ಮೈ ಡಾಕ್ಯುಮೆಂಟ್ಸ್’ ಫೋಲ್ಡರನ್ನು ಶ್ರದ್ಧೆಯಿಂದ ಪ್ರತಿ ಮಾಡಿಕೊಳ್ಳುತ್ತಿದ್ದರು. ಪತ್ರಗಳು ಆ ಫೋಲ್ಡರಿನಲ್ಲಿ ಇರಲೇ ಇಲ್ಲವೆಂಬುದು ಗಣಕವು ಕೈಬಿಟ್ಟ ಮೇಲೆ ತಿಳಿಯುತ್ತಿತ್ತು.

ಹಾದಿ ಬಲ್ಲವರು ಆ ಮರೆಯ ಕಡತಗಳನ್ನು ಹುಡುಕಿ ತೆಗೆದು ಸಿ.ಡಿ.ಗೆ ಬರೆದುಕೊಳ್ಳುತ್ತಿದ್ದರು; ಆದರೆ ಅವರಿಗೂ ಒಂದು ಕುಣಿಕೆ ಕಾದಿರುತ್ತಿತ್ತು. ಸಿ.ಡಿ.ಯಿಂದ ಮರಳಿ ಇಳಿಸಿದ ಕಡತಕ್ಕೆ ‘ಓದಲು ಮಾತ್ರ’ ಎಂಬ ಮುದ್ರೆ ಅಂಟಿಕೊಂಡು ಬರುತ್ತಿದ್ದುದರಿಂದ ಔಟ್‌ಲುಕ್ ಎಕ್ಸ್‌ಪ್ರೆಸ್ ಅದನ್ನು ತೆರೆಯಲೊಲ್ಲದು. ಆ ಮುದ್ರೆಯನ್ನು ಅಳಿಸಿದರೆ ಸಾಕೆಂಬುದು ತಿಳಿಯದೆ ಎಷ್ಟೋ ಮಂದಿ ಸಿ.ಡಿ.ಯೇ ಕೆಟ್ಟಿತೆಂದು ಬಿಸುಟರು. ಕಚೇರಿಗಳಲ್ಲಿದ್ದ ಹಿರಿಯ ಔಟ್‌ಲುಕ್ಕಿನ ಪಿ.ಎಸ್.ಟಿ. ಕಡತವೋ 2 ಗಿಗಾಬೈಟನ್ನು ಮುಟ್ಟಿದೊಡನೆ ತೆರೆಯದಂತಾಗುತ್ತಿತ್ತು. ಆ ಮಿತಿಯು ಸಡಿಲಿದುದು 2003ರ ಆವೃತ್ತಿಯಲ್ಲಿ. ಇನ್ನು ವಿಳಾಸಗಳ ವಿಷಯ. ಎರಡಕ್ಷರವನ್ನು ಟೈಪಿಸುತ್ತಲೇ ಔಟ್‌ಲುಕ್ ಪೂರ್ತಿ ವಿಳಾಸವನ್ನು ತಾನೇ ಮುಂದಿಡುತ್ತಿದ್ದುದರಿಂದ, ಅದೆಲ್ಲ ಕಾಂಟ್ಯಾಕ್ಟ್ಸ್ ಪಟ್ಟಿಯಲ್ಲಿ ಭದ್ರವಾಗಿದೆಯೆಂದೇ ಎಲ್ಲರೂ ನಂಬಿದ್ದರು. ವಾಸ್ತವವಾಗಿ ಆ ನೆನಪು ಎನ್.ಕೆ.2 ಎಂಬ ಪ್ರತ್ಯೇಕ ಕಡತದಲ್ಲಿರುತ್ತಿತ್ತು. ಪಟ್ಟಿಯನ್ನು ಜೋಪಾನವಾಗಿ ಸಾಗಿಸಿ ಹೊಸ ಗಣಕದ ಮುಂದೆ ಕುಳಿತವನಿಗೆ, ದಿನಬೆಳಗಾದರೆ ಬರೆಯುತ್ತಿದ್ದ ತಮ್ಮನ ವಿಳಾಸವನ್ನು ತಾನು ಒಮ್ಮೆಯೂ ಬರೆದಿಟ್ಟಿರಲಿಲ್ಲವೆಂಬ ಸತ್ಯವು ಆಗ ಗೋಚರಿಸುತ್ತಿತ್ತು.

ಇಷ್ಟೆಲ್ಲವೂ ಸರ್ವಲೋಕಕ್ಕೆ ಸಮಾನವಾದ ಸಂಕಟ. ಕನ್ನಡಿಗರಿಗೆ ಇದರ ಮೇಲೊಂದು ವಿಶೇಷ ಸಂಕಟವಿದ್ದಿತು; ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಯುನಿಕೋಡ್ ಎಂಬ ಸಾರ್ವತ್ರಿಕ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಮನೆಯ ಗಣಕಕ್ಕೆ ಅದು ಬಂದುದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿಯೊಡನೆ, ‘ತುಂಗಾ’ ಎಂಬ ಅಕ್ಷರವಿನ್ಯಾಸದ ರೂಪದಲ್ಲಿ. ಅದೂ ಸೆಟ್ಟಿಂಗುಗಳ ಒಳಹೊಕ್ಕು ಜಟಿಲ ಲಿಪಿಗಳಿಗೆ ಅನುಮತಿ ಕೊಟ್ಟವರಿಗೆ ಮಾತ್ರ. ಅದಕ್ಕೆ ಮೊದಲೂ, ಅದಾದ ಮೇಲೆ ಬಹುಕಾಲವೂ, ಕನ್ನಡದಲ್ಲಿ ಬರೆಯಬೇಕೆಂಬ ಹಂಬಲವಿದ್ದವರು 1998ರಲ್ಲಿ ಬಂದ ಬರಹವನ್ನು, ತರುವಾಯ ಬಂದ ಕನ್ನಡ ಗಣಕ ಪರಿಷತ್ತಿನ ನುಡಿಯನ್ನು, ಇಲ್ಲವೆ ಶ್ರೀಲಿಪಿಯಂಥ ತಂತ್ರಾಂಶಗಳನ್ನು ಆಶ್ರಯಿಸಿದ್ದರು. ಇವು ಕನ್ನಡಕ್ಕೆ ಮಾಡಿದ ಉಪಕಾರವು ಸಾಮಾನ್ಯವಾದುದಲ್ಲ. ಆದರೆ ಆ ಕಾಲದಲ್ಲಿ ಇವೆಲ್ಲವೂ ಇಂಗ್ಲಿಷ್ ಮೊದಲಾದ ಐರೋಪ್ಯ ಅಕ್ಷರಗಳ ಪೀಠದ ಮೇಲೆಯೇ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಯಂತ್ರದ ದೃಷ್ಟಿಯಲ್ಲಿ ಅದು ಕನ್ನಡವೇ ಅಲ್ಲ, ಕೊಂಬುಕೋಡುಗಳುಳ್ಳ ರೋಮನ್ ಅಕ್ಷರಗಳ ಒಂದು ರಾಶಿ. ಫಾಂಟ್ ಇರುವವರೆಗೆ ಪತ್ರ. ಫಾಂಟ್ ಇಲ್ಲದ ಹೊಸ ಗಣಕಕ್ಕೆ ಅದೇ ಪತ್ರವನ್ನು ಒಂದಕ್ಷರವೂ ಲೋಪವಾಗದಂತೆ ಸಾಗಿಸಿದರೂ ತೆರೆದಾಗ ಕಾಣುತ್ತಿದ್ದುದು ಪ್ರಲಾಪ.

ಇದರಲ್ಲಿ ಒಂದು ವ್ಯಂಗ್ಯವಿದೆ. ‘ಹೇಗಿದ್ದೀಯ, ಊಟ ಆಯಿತಾ’ ಎಂಬುದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು, ಭಾಷಾಭಿಮಾನಿಗಳಿಂದ ಬೈಸಿಕೊಂಡ ಹುಡುಗರ ಪತ್ರಗಳು ಈಗಲೂ ಯಾವ ಯಂತ್ರದಲ್ಲಾದರೂ ಓದಿಸಿಕೊಳ್ಳುತ್ತವೆ. ಕನ್ನಡವನ್ನು ಕನ್ನಡದಲ್ಲಿಯೇ ಬರೆಯುತ್ತೇವೆಂದು ಹಟ ಹಿಡಿದವರ ಪತ್ರಗಳು ಮೂಕವಾಗಿ ಕುಳಿತಿವೆ. ಆದರೆ ನಿರಾಶೆಗೆ ಕಾರಣವಿಲ್ಲ. ಆ ಪ್ರಲಾಪದಲ್ಲಿ ಮೂಲದ ಸಂಕೇತಗಳೆಲ್ಲ ಇದ್ದಂತೆಯೇ ಇರುವುದರಿಂದ, ಹಳೆಯ ಫಾಂಟನ್ನು ಮತ್ತೆ ಸ್ಥಾಪಿಸಿ ಓದಬಹುದು. ಬರಹ, ನುಡಿಗಳ ಲಿಪಿಯನ್ನು ಯುನಿಕೋಡಿಗೆ ಪರಿವರ್ತಿಸುವ ಉಪಕರಣಗಳಿಂದ ಅದನ್ನು ಶಾಶ್ವತವಾಗಿ ಸರಿಪಡಿಸಲೂಬಹುದು. ನಿಜವಾಗಿ ಪ್ರಾಣಹೋದುದು ಬೇರೆ ಕಡೆ. ಯುನಿಕೋಡಿನಲ್ಲಿ ಕನ್ನಡದ ಹೆಸರುಗಳನ್ನು ಬರೆದುಕೊಂಡಿದ್ದವರು ವಿಳಾಸಪಟ್ಟಿಯನ್ನು ಸಿ.ಎಸ್.ವಿ. ಕಡತವಾಗಿ ಹೊರತೆಗೆದಾಗ, ಅಂದಿನ ತಂತ್ರಾಂಶವು ಅದನ್ನು ಹಳೆಯ ಸಂಕೇತದಲ್ಲಿ ಬರೆದು ಪ್ರತಿಯೊಂದು ಕನ್ನಡದ ಅಕ್ಷರಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟುಬಿಡುತ್ತಿತ್ತು. ಸಾವಿತ್ರಿಯೂ ಪ್ರಶ್ನಾರ್ಥಕ, ಸದಾಶಿವನೂ ಪ್ರಶ್ನಾರ್ಥಕ. ಹಾಗೆ ಬರೆದಾದ ಮೇಲೆ ಮೂಲವನ್ನು ಮರಳಿ ಪಡೆಯುವ ಉಪಾಯವು ಯಾವ ಪಂಡಿತನಲ್ಲಿಯೂ ಇಲ್ಲ. 1995ರಲ್ಲಿ ಆಪಲ್, ಐ.ಬಿ.ಎಂ. ಮೊದಲಾದ ಕಂಪೆನಿಗಳು ಕೂಡಿ ರೂಪಿಸಿದ ವಿ-ಕಾರ್ಡ್ ಎಂಬ ವಿಳಾಸರೂಪವು ಈಗ ಯುನಿಕೋಡನ್ನು ಒಪ್ಪಿಕೊಂಡಿರುವುದರಿಂದ ಕನ್ನಡದ ಹೆಸರು ಅದರಲ್ಲಿ ಸುಖವಾಗಿ ಪ್ರಯಾಣ ಮಾಡುತ್ತದೆ.

ಬೆಂಗಳೂರಿನಲ್ಲಿ ಬಾಲ್ಯವನ್ನು ಕಳೆದ ಸಬೀರ್ ಭಾಟಿಯಾ ಜ್ಯಾಕ್ ಸ್ಮಿತ್ತನೊಡನೆ ಕೂಡಿ 1996ರ ಜುಲೈ 4ರಂದು ಹಾಟ್‌ಮೇಲನ್ನು ಆರಂಭಿಸಿದುದೂ, 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಗಿಗಾಬೈಟಿನ ಉಗ್ರಾಣವನ್ನು ಪುಕ್ಕಟೆಯಾಗಿ ನೀಡಿದುದೂ ನಿಮಗೆಲ್ಲ ತಿಳಿದ ಸಂಗತಿ. ಪತ್ರವು ಮನೆಯ ಗಣಕದಲ್ಲಿಲ್ಲದೆ ದೂರದ ಸರ್ವರಿನಲ್ಲಿಯೇ ಉಳಿಯುವುದರಿಂದ ಸಾಗಾಟದ ತೊಂದರೆಯೇ ಇಲ್ಲವಾಯಿತೆಂದು ಜನರು ಸಂತೋಷಪಟ್ಟರು. ಯಾವ ಗಣಕದ ಮುಂದೆ ಕುಳಿತರೂ ಪತ್ರಗಳು ಹಾಜರು. ನಾನು ಈ ಸಂತೋಷದಲ್ಲಿ ಪೂರ್ತಿಯಾಗಿ ಪಾಲುಗೊಳ್ಳಲಾರೆ. ಪೆಟ್ಟಿಗೆಯು ಪುನಃ ಪರರ ಗೋಡೆಯನ್ನು ಸೇರಿತಷ್ಟೆ. ಗುಪ್ತಪದವು ಮರೆತುಹೋದರೆ, ಅದನ್ನು ಮರಳಿ ಕೊಡುವ ಸಂದೇಶವು ರದ್ದಾದ ಹಳೆಯ ಮೊಬೈಲ್ ಸಂಖ್ಯೆಗೆ ಹೋದರೆ, ವರ್ಷಗಳ ಪತ್ರವ್ಯವಹಾರವು ಬಾಗಿಲ ಆಚೆಯೇ ಉಳಿಯುತ್ತದೆ. ಗಲ್ಫ್ ಬಿಟ್ಟು ಊರಿಗೆ ಮರಳಿದವರಿಗೆ ಹೀಗಾಗುವುದು ಅಪರೂಪವಲ್ಲ. ಗೂಗಲ್ ಸಂಸ್ಥೆಯು 2011ರಲ್ಲಿ ಟೇಕ್‌ಔಟ್ ಎಂಬ ಸೌಕರ್ಯವನ್ನು ತೆರೆದು, 2013ರಲ್ಲಿ ಮೇಲುಗಳನ್ನೂ ಅದಕ್ಕೆ ಸೇರಿಸಿತು. ಕೇಳಿದವರಿಗೆ ಅದು ಪತ್ರಗಳನ್ನು ಒಪ್ಪಿಸುವುದು ಅದೇ ಹಳೆಯ ಎಂಬಾಕ್ಸ್ ರೂಪದಲ್ಲಿ.

ಎಲ್ಲಕ್ಕಿಂತ ಮಿಗಿಲಾದ ಅಪಾಯವು ಕಂಪೆನಿಯ ಇ-ಮೇಲನ್ನು ಸ್ವಂತದ್ದೆಂದು ತಿಳಿದವರದು. ದುಬೈಯ ಕನ್ನಡಿಗರಲ್ಲಿ ಮದುವೆಯ ಆಮಂತ್ರಣವೂ, ಮಗುವಿನ ಮೊದಲ ಭಾವಚಿತ್ರವೂ, ಊರಿನ ಜಮೀನಿನ ಕಾಗದದ ಪ್ರತಿಯೂ ಆಫೀಸಿನ ಮೇಲಿಗೇ ಬರುವಂತೆ ಮಾಡಿಕೊಂಡವರು ಬಹಳ ಮಂದಿ. ಕೆಲಸವು ಮುಗಿದ ದಿನ ಖಾತೆಯೂ ಮುಚ್ಚುತ್ತದೆ, ವೀಸಾ ಕ್ಯಾನ್ಸಲ್ ಆಗುವುದಕ್ಕಿಂತ ಬೇಗನೆ.

ಆದುದರಿಂದ ಅಲ್ಲಿರುವ ಬಂಧುಗಳಲ್ಲಿಯೂ, ಅವರಿಗೆ ಇಲ್ಲಿಂದ ಬರೆಯುವವರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟು. ಮನೆಯ ಪತ್ರಗಳಿಗೆ ಸ್ವಂತದ ಖಾತೆಯೊಂದಿರಲಿ. ಕಂಪೆನಿಯ ಕಾಗದಪತ್ರಗಳನ್ನು ಮುಟ್ಟದೆ, ನಿಮ್ಮವಾದ ಪತ್ರಗಳನ್ನು ಮಾತ್ರ, ರಾಜೀನಾಮೆ ಕೊಡುವುದಕ್ಕೆ ಮೊದಲೇ ಅಲ್ಲಿಗೆ ಸಾಗಿಸಿರಿ. ಪತ್ರಗಳನ್ನು ಎಂಬಾಕ್ಸಾಗಿ, ವಿಳಾಸಗಳನ್ನು ವಿ-ಕಾರ್ಡಾಗಿ ತೆಗೆದು ಎರಡು ಬೇರೆ ಬೇರೆ ಕಡೆ ಇಡಿರಿ. ಬರಹ, ನುಡಿಗಳ ಕಾಲದ ಹಳೆಯ ಪತ್ರಗಳಿದ್ದರೆ ಆ ಫಾಂಟುಗಳನ್ನೂ ಅವುಗಳ ಜೊತೆಗೇ ಇಡಿರಿ. ಹೊಸ ಗಣಕವು ಬಂದಿತೆಂದು ಹಳೆಯದನ್ನು ಆ ಸಂಜೆಯೇ ಮಾರಬೇಡಿರಿ. ಹೊಸದರಲ್ಲಿ ಒಂದು ಹಳೆಯ ಕನ್ನಡ ಪತ್ರವನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಓದಿ ನೋಡಿರಿ. ಓದಲು ಬಂದರೆ ಮಾರಿರಿ, ಬಾರದಿದ್ದರೆ ಇನ್ನೊಂದು ತಿಂಗಳು ಇಟ್ಟುಕೊಳ್ಳಿರಿ.